ಅರ್ಧಕ್ಕೆ ನಿಂತ ಕ್ಯಾಸೆಟ್ಟು ಮತ್ತು ಕ್ರಾಪ್ರೆಡಿಯ ಹೊಲ

ಆಗಸ್ಟ್ 10, 2022, ಬುಧವಾರ
ಬ್ಯಾನ್‌ಬರಿ

ಕೊನೆಗೂ ಬಂದೆ. ಲಂಡನ್ನಿನ ಮ್ಯಾರಿಲಬೋನ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಬ್ಯಾನ್‌ಬರಿಗೆ ಸುಮಾರು ಒಂದು ಗಂಟೆ. ಕಿಟಕಿಯಾಚೆ ಹಸಿರು ಇರುತ್ತದೆ ಅಂದುಕೊಂಡಿದ್ದೆ. ಇಂಗ್ಲೆಂಡ್ ಅಂದರೆ ಹಸಿರು, ಮಳೆ ಅಂತಲೇ ಕೇಳಿ ಬೆಳೆದವಳು ನಾನು. ಆದರೆ ಉದ್ದಕ್ಕೂ ಹುಲ್ಲೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗಿದೆ. ಈ ವರ್ಷ ಇಲ್ಲಿ ಮಳೆಯೇ ಇಲ್ಲವಂತೆ.

ಕ್ರಾಪ್ರೆಡಿಯ ಸಂಗೀತ ಹಬ್ಬಕ್ಕೆ ಬರುವ ಈ ಪ್ರಯಾಣ 2020ರಲ್ಲೇ ಆಗಬೇಕಿತ್ತು. ಆಗ ಎರಡು ಟಿಕೆಟ್ ತೆಗೆದಿದ್ದೆ, ಒಂದು ನನಗೆ, ಒಂದು ಚಿಕ್ಕಪ್ಪನಿಗೆ. ಕೋವಿಡ್ ಬಂತು, ಆ ವರ್ಷದ ಹಬ್ಬ ನಿಂತಿತು. ಮುಂದಿನ ವರ್ಷವೂ ನಿಂತಿತು. ಈ ವರ್ಷ ನಡೆಯುತ್ತದೆ ಅಂತ ಖಚಿತವಾಗುವ ಹೊತ್ತಿಗೆ ಚಿಕ್ಕಪ್ಪನ ಮಂಡಿ ಆಪರೇಷನ್ ಆಗಿತ್ತು. ಅಷ್ಟು ದೂರದ ವಿಮಾನ, ಆಮೇಲೆ ಮೂರು ದಿನ ಹೊಲದಲ್ಲಿ ಟೆಂಟು. ಸಾಧ್ಯವಿರಲಿಲ್ಲ. "ನೀನು ಹೋಗು ಪುಟ್ಟಾ, ನಾನು ಹೋದ ಹಾಗೇ" ಅಂದರು. ಅವರ ಟಿಕೆಟ್ ವಾಪಸ್ ಕೊಟ್ಟ ದಿನ ನನಗೆ ಊಟ ಸೇರಲಿಲ್ಲ.

ವೀಸಾಕ್ಕೆ 100 ಪೌಂಡ್. ಆದರೆ ದುಡ್ಡಿಗಿಂತ ಕಾಯುವುದೇ ಕಷ್ಟವಾಯಿತು. ಹೊರಡಲು ನಾಲ್ಕು ದಿನ ಇದೆ ಅನ್ನುವಾಗ ಪಾಸ್‌ಪೋರ್ಟ್ ಕೈಗೆ ಬಂತು. ಅಲ್ಲಿಯವರೆಗೆ ನಾನು ಬ್ಯಾಗನ್ನು ಮುಟ್ಟಿರಲೇ ಇಲ್ಲ. ಮುಟ್ಟಿದರೆ ಎಲ್ಲಿ ತಪ್ಪಿಹೋಗುತ್ತದೋ ಅನ್ನೋ ಭಯ.

ಯಾವ ತಂಡಕ್ಕಾಗಿ ಇಷ್ಟೆಲ್ಲ ಅಂತ ಹೇಳಲೇ ಇಲ್ಲ. ಫೇರ್‌ಪೋರ್ಟ್ ಕನ್ವೆನ್ಷನ್. 1967ರಲ್ಲಿ ಲಂಡನ್ನಿನಲ್ಲಿ ಶುರುವಾದ ತಂಡ. ಇವರು ಅಭ್ಯಾಸ ಮಾಡುತ್ತಿದ್ದ ಮನೆಯ ಹೆಸರು ಫೇರ್‌ಪೋರ್ಟ್, ಅದೇ ತಂಡದ ಹೆಸರಾಯಿತು. ಇಂಗ್ಲೆಂಡ್, ಸ್ಕಾಟ್ಲೆಂಡಿನ ಹಳೇ ಜನಪದ ಹಾಡುಗಳನ್ನು ಎಲೆಕ್ಟ್ರಿಕ್ ಗಿಟಾರು, ಡ್ರಮ್ಸು, ಪಿಟೀಲಿಗೆ ಕೂಡಿಸಿದವರು. ಇವರದೇ ಹಬ್ಬ ಕ್ರಾಪ್ರೆಡಿ ಅನ್ನೋ ಹಳ್ಳಿಯಲ್ಲಿ ಪ್ರತಿ ಆಗಸ್ಟಿನಲ್ಲಿ ನಡೆಯುತ್ತದೆ. ಬ್ಯಾನ್‌ಬರಿಯಿಂದ ನಾಲ್ಕೈದು ಮೈಲಿ ಅಷ್ಟೇ.

ನಮ್ಮ ಮನೆಗೆ ಇವರು ಬಂದದ್ದು ಹೆಸರಿಲ್ಲದೆ. ಎಂಬತ್ತರ ದಶಕದಲ್ಲಿ ಚಿಕ್ಕಪ್ಪನ ಗೆಳೆಯರೊಬ್ಬರು ವಿದೇಶದಿಂದ ಬರುವಾಗ ಒಂದು ಕ್ಯಾಸೆಟ್ ತಂದುಕೊಟ್ಟರು. ಯಾವುದೋ ಎಲ್‌ಪಿಯಿಂದ ತುಂಬಿಸಿಕೊಂಡದ್ದು. ಮೇಲೆ ಏನೂ ಬರೆದಿರಲಿಲ್ಲ. ಚಿಕ್ಕಪ್ಪ ತಾವೇ ನೀಲಿ ಪೆನ್ನಿನಲ್ಲಿ ಬರೆದರು: "ಪಿಟೀಲು, ಇಂಗ್ಲಿಷ್". ಅವರು ಇಪ್ಪತ್ತೈದನೇ ವಯಸ್ಸಿನವರೆಗೆ ಪಿಟೀಲು ಕಲಿತವರು. ನೆಲದ ಮೇಲೆ ಕೂತು, ವಾದ್ಯದ ತುದಿಯನ್ನು ಪಾದಕ್ಕೆ ಆನಿಸಿ ನುಡಿಸುವ ನಮ್ಮ ಪದ್ಧತಿ. ಈ ಟೇಪಿನಲ್ಲಿದ್ದವನು ಹೇಗೆ ನಿಂತಿದ್ದಾನೆ, ಹೇಗೆ ಹಿಡಿದಿದ್ದಾನೆ ಅಂತ ಗೊತ್ತಿಲ್ಲದೆ ಅವರು ಎಷ್ಟೋ ವರ್ಷ ಬರೀ ಕಿವಿಯಲ್ಲೇ ಅವನ ಕಮಾನು ನೋಡಿದರು.

ಆ ಟೇಪಿನ ಮೊದಲ ಬದಿಯ ಕೊನೆಗೆ ಒಂದು ನಿಧಾನದ, ಉದ್ದದ ಹಾಡಿತ್ತು. ಗಿಟಾರು ಒಂದು ಮಾತಾಡುತ್ತದೆ, ಪಿಟೀಲು ಅದಕ್ಕೆ ಉತ್ತರ ಕೊಡುತ್ತದೆ, ಮತ್ತೆ ಗಿಟಾರು. ಅದು ಏರುತ್ತಾ ಏರುತ್ತಾ ಇರುವಾಗ ಟೇಪು ಮುಗಿದು ಗುಂಡಿ ಟಕ್ಕಂತ ಮೇಲೆ ಬರುತ್ತಿತ್ತು. ನಾನು ಹುಟ್ಟಿದ ಮೇಲೂ ಅದು ಹಾಗೇ ಟಕ್ಕಂತ ನಿಲ್ಲುತ್ತಿತ್ತು. ಆ ಹಾಡು 'ಸ್ಲಾತ್', 1970ರ 'ಫುಲ್ ಹೌಸ್' ಆಲ್ಬಮ್ಮಿನದು, ಪಿಟೀಲು ನುಡಿಸಿದವರು ಡೇವ್ ಸ್ವಾರ್ಬ್ರಿಕ್ ಅಂತ ಗೊತ್ತಾಗಲು ಇಂಟರ್ನೆಟ್ ಬರಬೇಕಾಯಿತು.

ಆಗಸ್ಟ್ 11, ಗುರುವಾರ
ಕ್ರಾಪ್ರೆಡಿ

ಬೆಳಗ್ಗೆ ಬಸ್ಸಿನಲ್ಲಿ ಬಂದು ಟೆಂಟು ಹಾಕಿದೆ. ಮೊದಲ ಸಲ ನಾನೊಬ್ಬಳೇ ಟೆಂಟು ಹಾಕಿದ್ದು. ನೆಲ ಎಷ್ಟು ಗಟ್ಟಿಯಾಗಿದೆ ಅಂದರೆ ಗೂಟ ಇಳಿಯೋದೇ ಇಲ್ಲ. ಪಕ್ಕದ ಟೆಂಟಿನ ವಯಸ್ಸಾದ ದಂಪತಿ ಸುತ್ತಿಗೆ ತಂದು ಸಹಾಯ ಮಾಡಿದರು. ಎಂಬತ್ತರ ದಶಕದಿಂದ ಬರುತ್ತಿದ್ದಾರಂತೆ. "ಎರಡು ವರ್ಷ ಆಗಸ್ಟಿನಲ್ಲಿ ನಮಗೆ ಏನು ಮಾಡಬೇಕು ಅಂತಲೇ ಗೊತ್ತಾಗಲಿಲ್ಲ" ಅಂದರು ಆ ಹೆಂಗಸು. ಅವರ ದನಿಯಲ್ಲಿ ಇದ್ದದ್ದು ನನಗೆ ಚೆನ್ನಾಗಿ ಅರ್ಥವಾಯಿತು.

ಸೆಕೆ ಅಂದರೆ ಸೆಕೆ. ಹವಾಮಾನ ಇಲಾಖೆ ಭಾನುವಾರದವರೆಗೆ ತೀವ್ರ ಬಿಸಿಲಿನ ಎಚ್ಚರಿಕೆ ಕೊಟ್ಟಿದೆ. ಹೊಲದಲ್ಲಿ ಒಂದು ಮರದ ನೆರಳೂ ಇಲ್ಲ. ಆದರೂ ಜನ ಬರುತ್ತಲೇ ಇದ್ದಾರೆ, ಬಗಲಲ್ಲಿ ಮಡಚುವ ಕುರ್ಚಿ, ಕೈಯಲ್ಲಿ ನೀರಿನ ಬಾಟಲಿ.

ಇಲ್ಲಿ ಇರುವುದು ಒಂದೇ ವೇದಿಕೆ. ನನಗೆ ತುಂಬಾ ಇಷ್ಟವಾದದ್ದು ಇದೇ. ಇಲ್ಲಿ ಯಾರನ್ನು ಕೇಳಲಿ, ಯಾರನ್ನು ಬಿಡಲಿ ಅಂತ ಓಡಾಡುವ ಹಾಗಿಲ್ಲ. ಹೊಲ ವೇದಿಕೆಯ ಕಡೆಗೆ ಇಳಿಜಾರಾಗಿದೆ, ಎಲ್ಲಿ ಕೂತರೂ ಕಾಣುತ್ತದೆ. ಇಪ್ಪತ್ತು ಸಾವಿರ ಜನ ಹಿಡಿಸುವ ಜಾಗ. ಕುರ್ಚಿ ಎಲ್ಲಿದೆ ಅಂತ ಮರೆಯಬಾರದು ಅಂತ ಜನ ಉದ್ದನೆಯ ಕೋಲಿಗೆ ಬಾವುಟ ಕಟ್ಟಿ ನೆಟ್ಟಿದ್ದಾರೆ. ದೂರದಿಂದ ನೋಡಿದರೆ ಜಾತ್ರೆಯೇ.

ಸಂಜೆಗೆ ಮುಂಚೆ ಫೇರ್‌ಪೋರ್ಟಿನವರೇ ಬಂದು ಎಲೆಕ್ಟ್ರಿಕ್ ವಾದ್ಯಗಳಿಲ್ಲದೆ ಕೆಲವು ಹಾಡು ಹಾಡಿ ಹಬ್ಬ ಶುರು ಮಾಡಿದರು. ಪದ್ಧತಿ ಹಾಗೇ: ಬಾಗಿಲು ತೆರೆಯುವವರೂ ಅವರೇ, ಶನಿವಾರ ರಾತ್ರಿ ಮುಚ್ಚುವವರೂ ಅವರೇ. ತಂಡದ ಹಾಡುಗಾರ ಸೈಮನ್ ನಿಕೋಲ್ ಮೈಕಿನ ಮುಂದೆ ನಿಂತಾಗ ಎದ್ದ ಚಪ್ಪಾಳೆ ಹಾಡಿಗಲ್ಲ, ಮೂರು ವರ್ಷದ ಮೇಲೆ ಮತ್ತೆ ಸಿಕ್ಕಿದ್ದಕ್ಕೆ. ನನಗೆ ಕಣ್ಣು ತುಂಬಿತು. ಮೊದಲ ಸಲ ಬಂದವಳು ನಾನು, ಆದರೂ ಮತ್ತೆ ಬಂದ ಹಾಗೆ ಅನಿಸಿತು.

ಆಗಸ್ಟ್ 12, ಶುಕ್ರವಾರ

ಇವತ್ತು ಇಂಗ್ಲೆಂಡಿನ ಹಲವು ಭಾಗಗಳಲ್ಲಿ ಬರ ಅಂತ ಅಧಿಕೃತವಾಗಿ ಘೋಷಿಸಿದರು. ಎಲ್ಲರ ಬಾಯಲ್ಲೂ ಅದೇ ಮಾತು.

ಬೆಳಗ್ಗೆ ಬಿಸಿಲೇರುವ ಮೊದಲೇ ಊರು ನೋಡಲು ಹೋದೆ. ಊರಿನವರೇ ತಿಂಡಿ ಮಾಡಿ ಮಾರುತ್ತಾರೆ, ನಾನು ಟೋಸ್ಟು, ಮೊಟ್ಟೆ, ಅಣಬೆ ತಿಂದೆ. ಊರಿನ ಪಕ್ಕದಲ್ಲೇ ಆಕ್ಸ್‌ಫರ್ಡ್ ಕಾಲುವೆ. ಸಣ್ಣ ಅಗಲದ ಉದ್ದುದ್ದ ದೋಣಿಗಳು ದಡಕ್ಕೆ ಸಾಲಾಗಿ ನಿಂತಿವೆ. ಎಷ್ಟೋ ಜನ ಹಬ್ಬಕ್ಕೆ ದೋಣಿಯಲ್ಲೇ ಬರುತ್ತಾರೆ. ಎರಡು ಪಬ್ಬು ಇವೆ, ರೆಡ್ ಲಯನ್ ಮತ್ತು ಬ್ರೇಸ್‌ನೋಸ್ ಆರ್ಮ್ಸ್. ಎರಡನೆಯದು ಫೇರ್‌ಪೋರ್ಟಿನ 1973ರ 'ನೈನ್' ಆಲ್ಬಮ್ಮಿನ ಹಿಂಬದಿಯ ಚಿತ್ರದಲ್ಲಿದೆ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ, ಚಿಕ್ಕಪ್ಪನಿಗೆ ಕಳಿಸಲು.

ಈ ಊರೇ ಯಾಕೆ ಅಂದರೆ, ಎಪ್ಪತ್ತರ ದಶಕದಲ್ಲಿ ತಂಡದಲ್ಲಿ ಬೇಸ್ ಗಿಟಾರು ನುಡಿಸುವ ಡೇವ್ ಪೆಗ್ ಮತ್ತು ಸ್ವಾರ್ಬ್ರಿಕ್ ಇಬ್ಬರ ಮನೆಯೂ ಇಲ್ಲಿತ್ತು. ಊರಿನವರಿಗಾಗಿ ಸಣ್ಣದಾಗಿ ನುಡಿಸಿದ್ದು ಶುರು. 1979ಕ್ಕೆ ತಂಡ ಮುಗಿಸೋಣ ಅಂತ ತೀರ್ಮಾನವಾಯಿತು. ಗಟ್ಟಿ ಸದ್ದಿನಿಂದ ಸ್ವಾರ್ಬ್ರಿಕ್ ಅವರ ಕಿವಿ ಹಾಳಾಗಿತ್ತು. ಆ ವರ್ಷ ಆಗಸ್ಟ್ 4ರಂದು ಹಗಲು ನೆಬ್‌ವರ್ತ್‌ನಲ್ಲಿ ಲೆಡ್ ಜೆಪ್ಲಿನ್ ಅನ್ನೋ ರಾಕ್ ತಂಡ ಇದ್ದ ದೊಡ್ಡ ಕಾರ್ಯಕ್ರಮದಲ್ಲಿ ನುಡಿಸಿ, ಅದೇ ಸಂಜೆ ಇಲ್ಲಿಗೆ ಬಂದು ವಿದಾಯದ ಕಛೇರಿ ಕೊಟ್ಟರು. ಅದರ ಧ್ವನಿಮುದ್ರಣವನ್ನು ಹೊರತರಲು ಯಾವ ಕಂಪನಿಯೂ ಮುಂದೆ ಬರಲಿಲ್ಲ. ಪೆಗ್ ಮತ್ತು ಅವರ ಹೆಂಡತಿ ತಾವೇ ವುಡ್‌ವರ್ಮ್ ಅನ್ನೋ ಕಂಪನಿ ಕಟ್ಟಿ ಹೊರತಂದರು. ಮುಂದಿನ ವರ್ಷ ಸುಮ್ನೆ ಒಂದು ಸಲ ಸೇರೋಣ ಅಂತ ಸೇರಿದರು. ಅದರ ಮುಂದಿನ ವರ್ಷವೂ ಸೇರಿದರು. ಕೊನೆಗೆ ತಂಡವೇ ಮತ್ತೆ ಹುಟ್ಟಿತು. ಮುಗಿಸಲು ಕರೆದ ಸಭೆಯೇ ಹಬ್ಬವಾಗಿ ಉಳಿದಿದೆ!

ಚೆರ್‌ವೆಲ್ ನದಿಯ ಸೇತುವೆಯ ಮೇಲೆ ತುಂಬಾ ಹೊತ್ತು ನಿಂತಿದ್ದೆ. 1644ರ ಜೂನ್ 29ರಂದು ಇಲ್ಲೇ ರಾಜ ಒಂದನೇ ಚಾರ್ಲ್ಸ್‌ನ ಸೈನ್ಯಕ್ಕೂ ಸಂಸತ್ತಿನ ಕಡೆಯ ವಾಲರ್‌ನ ಸೈನ್ಯಕ್ಕೂ ಯುದ್ಧವಾಯಿತು. ಆ ದಿನದ ಬಗ್ಗೆ ರಾಲ್ಫ್ ಮ್ಯಾಕ್‌ಟೆಲ್ ಬರೆದ 'ರೆಡ್ ಅಂಡ್ ಗೋಲ್ಡ್' ಹಾಡನ್ನು ಫೇರ್‌ಪೋರ್ಟ್ ಹಾಡಿದ್ದಾರೆ. ಅಲ್ಲೇ ನಿಂತು ಇಯರ್‌ಫೋನಿನಲ್ಲಿ ಕೇಳಿದೆ. ಅದರಲ್ಲಿ ಕಥೆ ಹೇಳುವವನು ರಾಜನಲ್ಲ, ಹೊಲದಲ್ಲಿ ದುಡಿಯುವ ಒಬ್ಬ ಸಾಮಾನ್ಯ. ನಮ್ಮ ಲಾವಣಿಗಳೂ ಹಾಗೇ ಅಲ್ವಾ? ಗೆದ್ದವರು ಯಾರು ಅನ್ನುವುದಕ್ಕಿಂತ ಸತ್ತವರು ಯಾರು ಅಂತ ಕೇಳುತ್ತವೆ. ಚಿಕ್ಕಪ್ಪನಿಗೆ ಭಾಷೆ ಅಷ್ಟಾಗಿ ಹಿಡಿಯದಿದ್ದರೂ ಈ ಹಾಡುಗಳು ಹಿಡಿಸಿದ್ದು ಯಾಕೆ ಅಂತ ಅಲ್ಲಿ ಹೊಳೆಯಿತು.

ಸಂಜೆಯ ತಂಡಗಳ ಬಗ್ಗೆ ಬರೆಯುವಷ್ಟು ಶಕ್ತಿ ಇಲ್ಲ. ಬಿಸಿಲಿಗೆ ತಲೆ ಸಿಡಿಯುತ್ತಿದೆ. ನಾಳೆಗೆ ಉಳಿಸಿಕೊಳ್ಳಬೇಕು.

ಆಗಸ್ಟ್ 13, ಶನಿವಾರ
ಮಧ್ಯಾಹ್ನ

ಪಕ್ಕದ ಟೆಂಟಿನವರು ಚಹಾ ಕೊಟ್ಟು ಸ್ವಾರ್ಬ್ರಿಕ್ ಅವರ ಕಥೆ ಹೇಳಿದರು. 1999ರಲ್ಲಿ ಅವರು ಕವೆಂಟ್ರಿಯ ಆಸ್ಪತ್ರೆಯಲ್ಲಿದ್ದಾಗ ಒಂದು ದೊಡ್ಡ ಪತ್ರಿಕೆ ಅವರು ತೀರಿಹೋದರು ಅಂತ ತಪ್ಪಾಗಿ ಸುದ್ದಿ ಹಾಕಿಬಿಟ್ಟಿತ್ತು. ಕವೆಂಟ್ರಿಯಲ್ಲಿ ನಾನು ಸತ್ತದ್ದು ಇದೇ ಮೊದಲೇನಲ್ಲ ಅಂದರಂತೆ ಸ್ವಾರ್ಬ್ರಿಕ್ (ಕಛೇರಿ ಕೆಟ್ಟುಹೋದರೂ ಇಂಗ್ಲಿಷಿನಲ್ಲಿ 'ಸತ್ತೆ' ಅಂತಲೇ ಅನ್ನುತ್ತಾರೆ). ಆಮೇಲೆ 2004ರಲ್ಲಿ ಎರಡೂ ಶ್ವಾಸಕೋಶ ಬದಲಾಯಿಸಿದರು. ಗೆಳೆಯರು ಕಛೇರಿ ಮಾಡಿ ದುಡ್ಡು ಕೂಡಿಸಿದರು. ಅವರು ಮತ್ತೆ ಎದ್ದು ಬಂದು ನುಡಿಸಿದರು. ನಿಜವಾಗಿ ಹೋದದ್ದು 2016ರ ಜೂನಿನಲ್ಲಿ.

ಈ ತಂಡ ಕಳೆದುಕೊಂಡದ್ದು ಅವರೊಬ್ಬರನ್ನೇ ಅಲ್ಲ. 1969ರ ಮೇ ತಿಂಗಳಲ್ಲಿ ಕಛೇರಿ ಮುಗಿಸಿ ಬರುವಾಗ ವ್ಯಾನು ಉರುಳಿ ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್ ಸತ್ತರು. ಹತ್ತೊಂಬತ್ತು ವರ್ಷ. 1978ರಲ್ಲಿ ತಂಡದ ಹಾಡುಗಾರ್ತಿಯಾಗಿದ್ದ ಸ್ಯಾಂಡಿ ಡೆನ್ನಿ. ಅಂಥ ದನಿ, ಬರೀ ಮೂವತ್ತೊಂದಕ್ಕೆ ಹೋಯಿತು.

ಅದೇ ರಾತ್ರಿ, ಒಂದೂವರೆ ಗಂಟೆ

ನಿದ್ದೆ ಬರುವುದಿಲ್ಲ. ಟಾರ್ಚಿನ ಬೆಳಕಿನಲ್ಲಿ ಬರೆಯುತ್ತಿದ್ದೇನೆ.

ಅವರು ಇವತ್ತು 'ಫುಲ್ ಹೌಸ್' ಪೂರ್ತಿ ನುಡಿಸಿದರು. ಆ ಆಲ್ಬಮ್ಮಿನಲ್ಲಿ ಇದ್ದವರು ಐದು ಜನ. ಈಗ ಇರುವ ನಾಲ್ಕೂ ಜನ ವೇದಿಕೆಯ ಮೇಲಿದ್ದರು: ಗಿಟಾರಿಗೆ ರಿಚರ್ಡ್ ಥಾಂಪ್ಸನ್, ಸೈಮನ್ ನಿಕೋಲ್, ಬೇಸಿಗೆ ಡೇವ್ ಪೆಗ್, ಡ್ರಮ್ಸಿಗೆ ಡೇವ್ ಮ್ಯಾಟಕ್ಸ್. ಎಲ್ಲರೂ ಎಪ್ಪತ್ತು ದಾಟಿದವರು. ಐದನೆಯ ಜಾಗದಲ್ಲಿ ಕ್ರಿಸ್ ಲೆಸ್ಲಿ ಪಿಟೀಲು ಹಿಡಿದು ನಿಂತರು. ಅವರು ಬೆಳೆದದ್ದು ಬ್ಯಾನ್‌ಬರಿಯಲ್ಲಿ.

'ಸರ್ ಪ್ಯಾಟ್ರಿಕ್ ಸ್ಪೆನ್ಸ್' ಬಂದಾಗ ನನ್ನ ಸುತ್ತಲಿನವರೆಲ್ಲ ಹಾಡುತ್ತಿದ್ದರು. ರಾಜನ ಮಾತಿಗೆ ಕಡಲಿಗಿಳಿದು ಮುಳುಗಿಹೋದ ನಾವಿಕನ ಕಥೆ.

ಆಮೇಲೆ 'ಸ್ಲಾತ್'. ಪೆಗ್ ಅವರ ಬೇಸ್ ಮೆಲ್ಲಗೆ ಹೆಜ್ಜೆ ಹಾಕಿತು. ಥಾಂಪ್ಸನ್ ಒಂದು ಮಾತಾಡಿದರು, ಪಿಟೀಲು ಉತ್ತರ ಕೊಟ್ಟಿತು. ಲೆಸ್ಲಿ ಸ್ವಾರ್ಬ್ರಿಕ್ ಅವರನ್ನು ನಕಲು ಮಾಡಲಿಲ್ಲ. ಕಮಾನು ಅವರದೇ. ಆದರೆ ಪ್ರಶ್ನೆ ಬಂದಾಗ ಎಲ್ಲಿ ಉತ್ತರ ಕೊಡಬೇಕು, ಎಲ್ಲಿ ಸುಮ್ಮನಿರಬೇಕು, ಅದು ಹಳೆಯದು. ಹಾಡು ಏರುತ್ತಾ ಹೋಯಿತು. ನನಗೆ ಗೊತ್ತಿತ್ತು, ಇನ್ನೇನು ಆ ಜಾಗ ಬಂತು. ನನ್ನ ಮೈಯೇ ಆ ಟಕ್ ಸದ್ದಿಗೆ ಕಾಯುತ್ತಿತ್ತು, ಹೆಬ್ಬೆರಳು ಗುಂಡಿ ಒತ್ತಲು ಸಿದ್ಧವಾದ ಹಾಗೆ. ಸದ್ದು ಬರಲಿಲ್ಲ. ಪಿಟೀಲು ಆ ಜಾಗವನ್ನು ದಾಟಿ ಮುಂದೆ ಹೋಯಿತು. ಫೋನಿನಲ್ಲಿ ಎಷ್ಟೋ ಸಲ ಪೂರ್ತಿ ಕೇಳಿದ್ದೇನೆ, ಇಲ್ಲ ಅಂತಲ್ಲ. ಆದರೆ ಆ ಸದ್ದು ಕಿವಿಯಿಂದ ಹೋಗಿರಲಿಲ್ಲ. ಇವತ್ತು ಹೋಯಿತು.

ಅಷ್ಟು ಹೊತ್ತಿಗೆ ಚಂದ್ರ ಮೇಲೆ ಬಂದಿದ್ದ. ಹುಣ್ಣಿಮೆ ಕಳೆದು ಒಂದು ದಿನವಷ್ಟೇ ಆಗಿತ್ತು, ದುಂಡಗೇ ಇದ್ದ. ದೂಳಿನಲ್ಲಿ ಕೆಂಪಾಗಿ ಕಾಣುತ್ತಿದ್ದ.

ಕೊನೆಗೆ, ಪ್ರತಿ ವರ್ಷದ ಹಾಗೇ, 'ಮೀಟ್ ಆನ್ ದ ಲೆಜ್'. ಥಾಂಪ್ಸನ್ ಇನ್ನೂ ಹುಡುಗನಾಗಿದ್ದಾಗ ಬರೆದ ಹಾಡು, 1968ರದು. ಕುರ್ಚಿಯಲ್ಲಿ ಯಾರೂ ಉಳಿಯಲಿಲ್ಲ. ಅಷ್ಟೂ ಜನ ಒಟ್ಟಿಗೆ ಹಾಡಿದರು. ಹಲವರು ಅಳುತ್ತಿದ್ದರು, ಅದನ್ನು ಮುಚ್ಚಿಡಲೂ ಇಲ್ಲ. ಪಕ್ಕದ ಟೆಂಟಿನ ಆ ಹೆಂಗಸು ನನ್ನ ಕೈ ಹಿಡಿದುಕೊಂಡರು. ನಾನು ಇನ್ನೊಂದು ಕೈಯಲ್ಲಿ ಫೋನು ಹಿಡಿದು ಚಿಕ್ಕಪ್ಪನಿಗೆ ಮಾಡಿದೆ. ನಮ್ಮಲ್ಲಿ ಆಗ ಬೆಳಗಿನ ಜಾವ ನಾಲ್ಕೂವರೆ, ಎದ್ದು ಕಾಯುತ್ತೇನೆ ಅಂದಿದ್ದರು. ಸಿಗ್ನಲ್ ಸಿಗಲೇ ಇಲ್ಲ. ಮೂರು ಸಲ ಪ್ರಯತ್ನ ಮಾಡಿ ಬಿಟ್ಟೆ. ಫೋನು ಜೇಬಿಗೆ ಹಾಕಿ ಹಾಡಿದೆ.

ಆಗಸ್ಟ್ 14, ಭಾನುವಾರ
ಕಾಲುವೆಯ ದಡ

ಟೆಂಟು ಬಿಚ್ಚಿದೆ. ಬ್ಯಾನ್‌ಬರಿಗೆ ಕಾಲುವೆಯ ದಡದಲ್ಲೇ ನಡೆದು ಹೋಗುತ್ತಿದ್ದೇನೆ. ಬ್ಯಾಗು ಭಾರ, ಆದರೂ ಬಸ್ಸು ಬೇಡ ಅನಿಸಿತು. ಅರ್ಧ ಮೈಲಿ ಬಂದ ಮೇಲೆ ಸಿಗ್ನಲ್ ಬಂತು. ದೋಣಿಗಳಿಗಾಗಿ ನೀರಿನ ಮಟ್ಟ ಏರಿಳಿಸುವ ಒಂದು ಲಾಕಿನ ಗೇಟಿನ ಮರದ ತೊಲೆಯ ಮೇಲೆ ಕೂತು ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

ರಾತ್ರಿ ಫೋನು ಬರಲಿಲ್ಲವಲ್ಲ ಅಂತ ಕೇಳಲಿಲ್ಲ. ಬಿಸಿಲು ಹೇಗಿತ್ತು, ಊಟ ಏನು ಅಂತಲೂ ಕೇಳಲಿಲ್ಲ.

"ಪಿಟೀಲು ಯಾರು ನುಡಿಸಿದ್ರು?" ಅಂದರು.

"ಕ್ರಿಸ್ ಲೆಸ್ಲಿ, ಚಿಕ್ಕಪ್ಪ. ಅಲ್ಲೇ ಪಕ್ಕದ ಊರಲ್ಲಿ ಬೆಳೆದವರು."

"ನಿಂತು ನುಡಿಸಿದ್ರಾ?"

"ನಿಂತೇ. ಕಣ್ಣು ಮುಚ್ಚಿಕೊಂಡು."

ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಕಾಲುವೆಯಲ್ಲಿ ಒಂದು ದೋಣಿ ನಿಧಾನಕ್ಕೆ ಹಾದು ಹೋಯಿತು. ಅದರ ಇಂಜಿನ್ ಸದ್ದು ಅವರಿಗೂ ಕೇಳಿಸಿರಬೇಕು.

"ನಮ್ಮ ಆ ಹಾಡು? ಪೂರ್ತಿ ನುಡಿಸಿದ್ರಾ?"

"ಪೂರ್ತಿ ನುಡಿಸಿದ್ರು, ಚಿಕ್ಕಪ್ಪ."

"ಹಾಗಾದ್ರೆ ಕೊನೇದು ಹಾಡಿ ತೋರಿಸು. ಟೇಪು ನಿಲ್ಲುತ್ತಲ್ಲ, ಅಲ್ಲಿಂದ."

ನನಗೆ ಹಾಡಲು ಬರುವುದಿಲ್ಲ. ಆದರೂ ಆ ತೊಲೆಯ ಮೇಲೆ ಕೂತು, ಬಂದಷ್ಟು ಗುನುಗಿದೆ.