ಮಾಷ್ಟ್ರ ಲ್ಯಾಪ್‌ಟಾಪ್, ಮಟ್ಟುಗುಳ್ಳದ ಸ್ಟಿಕ್ಕರ್

ಸಾಫ್ಟ್‌ವೇರಿನ ಹೆಸರಿಗೆ ಟ್ರೇಡ್‌ಮಾರ್ಕ್ ಅಂತ ಬೇಲಿ ಹಾಕುದು ತಪ್ಪು, ಕೋಡ್ ಎಲ್ಲರಿಗೂ ಬಿಟ್ಟುಕೊಟ್ಟ ಮೇಲೆ ಹೆಸರನ್ನೂ ಬಿಟ್ಟುಕೊಡ್ಬೇಕು ಅಂತ ನಾನು ಕಾಲೇಜಿನಿಂದ ಹಿಡಿದು ಈ ವರ್ಷದ ಮಳೆಗಾಲದವರೆಗೆ ವಾದ ಮಾಡ್ತಾ ಬಂದವ. ಈಗ ಆ ಅಭಿಪ್ರಾಯ ಬದ್ಲಾಗಿದೆ, ಪೂರ್ತಿ ಅಲ್ಲ, ಮುಕ್ಕಾಲು ಪಾಲು. ಯಾಕೆ ಅಂತ ಬರೀಲೇಬೇಕು ಅನ್ನಿಸ್ತು, ಯಾಕಂದ್ರೆ ನನ್ನ ವಾದ ಕೇಳಿ ಹೌದು ಹೌದು ಅಂದವರು ಎಷ್ಟೋ ಜನ ಇದ್ದಾರೆ.

ಜಗಳ ಶುರುವಾದದ್ದು 2008ರಲ್ಲಿ, ಮಂಗ್ಳೂರಿನ ಹಾಸ್ಟೆಲ್ ರೂಮಿನಲ್ಲಿ. ನಾನು ಆಗಷ್ಟೇ ಕಂಪ್ಯೂಟರಿಗೆ ಡೆಬಿಯನ್ ಹಾಕಿದ್ದೆ, ಅದು ಲಿನಕ್ಸಿನ ಒಂದು ಬಗೆ, ಪುಕ್ಕಟೆ ಆಪರೇಟಿಂಗ್ ಸಿಸ್ಟಮ್. ಅದ್ರಲ್ಲಿ ಫೈರ್‌ಫಾಕ್ಸ್ ಇರ್ಲಿಲ್ಲ, ಐಸ್‌ವೀಸೆಲ್ ಅಂತ ಒಂದು ಬ್ರೌಸರ್ ಇತ್ತು, ತೆರೆದು ನೋಡಿದ್ರೆ ಅದು ಫೈರ್‌ಫಾಕ್ಸೇ, ಮೆನು ಅದೇ, ಆಡ್‌ಆನ್ ಅದೇ, ಹೆಸ್ರು ಮತ್ತು ಚಿತ್ರ ಮಾತ್ರ ಬೇರೆ. ಯಾಕೆ ಹೀಗೆ ಅಂತ ಹುಡುಕಿದಾಗ ಸಿಕ್ಕಿದ ಕತೆ ಇದು: ಫೈರ್‌ಫಾಕ್ಸ್ ಲೋಗೋದ ಲೈಸೆನ್ಸ್ ಡೆಬಿಯನ್‌ನವರ ನಿಯಮಕ್ಕೆ ಹೊಂದ್ತಿರ್ಲಿಲ್ಲ, ಹಾಗಾಗಿ ಅವ್ರು ಲೋಗೋ ಬಿಟ್ಟು ಹೆಸರು ಮಾತ್ರ ಇಟ್ಕೊಂಡಿದ್ರು, ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವ್ರು ಹೆಸರು ಬೇಕಾದ್ರೆ ಲೋಗೋನೂ ಇರ್ಬೇಕು, ನೀವು ಕೋಡಿನಲ್ಲಿ ಮಾಡುವ ಬದಲಾವಣೆಯನ್ನೂ ನಮಗೆ ತೋರಿಸಿ ಒಪ್ಪಿಗೆ ತಕ್ಕೊಳ್ಬೇಕು ಅಂದ್ರು, ಡೆಬಿಯನ್‌ನವ್ರು 2006ರಲ್ಲಿ ನಿಮ್ಮ ಹೆಸರೇ ಬೇಡ ಅಂತ ತೆಗೆದೇ ಬಿಟ್ರು. ನಂಗೆ ಡೆಬಿಯನ್‌ನವರು ಹೀರೋಗಳ ಹಾಗೆ ಕಂಡ್ರು. ಮೊಜಿಲ್ಲಾದವ್ರೇ ಹೆಸರಿನ ವಿಷಯದಲ್ಲಿ ಎರಡು ಸಲ ಪೆಟ್ಟು ತಿಂದವ್ರು, ಮೊದ್ಲು ಫೀನಿಕ್ಸ್ ಅಂತ ಇಟ್ರು, ಆ ಹೆಸರಿನ ಕಂಪನಿ ಒಂದು ಇದ್ದದ್ರಿಂದ ಬಿಡ್ಬೇಕಾಯ್ತು, ಮತ್ತೆ ಫೈರ್‌ಬರ್ಡ್ ಅಂದ್ರು, ಅದೇ ಹೆಸರಿನ ಡೇಟಾಬೇಸ್‌ನವ್ರು ಸಿಟ್ಟಾದ್ರು, 2004ರಲ್ಲಿ ಫೈರ್‌ಫಾಕ್ಸ್ ಆಯ್ತು. ಇಷ್ಟೆಲ್ಲಾ ಅನುಭವಿಸಿದವ್ರು ಬೇರೆಯವ್ರಿಗೆ ಹೀಗೆ ಮಾಡ್ಬಹುದಾ ಅಂತ ನಾನು ರಾತ್ರಿ ಹನ್ನೊಂದಕ್ಕೆ ಜೋರಾಗಿ ಮಾತಾಡ್ತಿದ್ದೆ, ರೂಮ್‌ಮೇಟ್ ಚಾಪೆ ಮೇಲೆ ಕೂತು ಕೇಳ್ತಿದ್ದ.

ಅವ ಈಗ ಮಣಿಪಾಲದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ನಾನು ಉಡುಪಿಯಲ್ಲಿ ಕಂಪ್ಯೂಟರ್ ಸರ್ವಿಸ್ ಅಂಗಡಿ ಇಟ್ಟಿದ್ದೇನೆ, ಆದಿತ್ಯವಾರ ಗೋಳಿಬಜೆ ಚಾ ಮುಂದೆ ಇಟ್ಕೊಂಡು ಇದೇ ಜಗಳ ಈಗ್ಲೂ ನಡೀತದೆ. ಅವ ಅವತ್ತು ರಾತ್ರಿ ಹೇಳಿದ್ದು ಒಂದೇ ಮಾತು, "ಲಿನಕ್ಸ್ ಹೆಸರಿನ ಕತೆ ಓದಿದ್ದೀಯಾ ಮಾರಾಯ?"

ಓದಿರ್ಲಿಲ್ಲ. ಲಿನಸ್ ಟೊರ್ವಾಲ್ಡ್ಸ್ ತನ್ನ ಕರ್ನಲ್‌ಗೆ, ಅಂದ್ರೆ ಆಪರೇಟಿಂಗ್ ಸಿಸ್ಟಮಿನ ತಿರುಳಿಗೆ, ಇಡ್ಲಿಕ್ಕೆ ಹೊರಟ ಹೆಸರು ಫ್ರೀಯಾಕ್ಸ್ ಅಂತೆ, ತನ್ನದೇ ಹೆಸರಿನ ಹಾಗೆ ಕೇಳುವ ಲಿನಕ್ಸ್ ಅಂತ ಇಟ್ರೆ ಜಂಬ ಅಂದ್ಕೊಳ್ತಾರೆ ಅಂತ ನಾಚಿಕೆ. 1991ರಲ್ಲಿ ಫಿನ್‌ಲ್ಯಾಂಡಿನ, ಫೈಲು ಹಂಚುವ ಎಫ್‌ಟಿಪಿ ಸರ್ವರ್ ನೋಡ್ಕೊಳ್ತಿದ್ದ ಆರಿ ಲೆಮ್ಕೆ ಅನ್ನುವವ್ರು ಫೋಲ್ಡರ್‌ಗೆ ಲಿನಕ್ಸ್ ಅಂತ ಹೆಸರು ಕೊಟ್ರು, ಅದೇ ನಿಂತಿತು. ಯಾರೂ ಅದನ್ನು ರಿಜಿಸ್ಟರ್ ಮಾಡ್ಲಿಕ್ಕೆ ಹೋಗ್ಲಿಲ್ಲ. 1994ರಲ್ಲಿ ಬಾಸ್ಟನ್ ಕಡೆಯ ಒಬ್ಬ ವ್ಯಕ್ತಿ, ಲಿನಕ್ಸ್ ಬರೆದವರಲ್ಲಿ ಒಬ್ಬನೂ ಅಲ್ಲ, ಸೀದಾ ಹೋಗಿ ಆ ಹೆಸರಿಗೆ ಅಮೆರಿಕದಲ್ಲಿ ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿದ, ಸಿಕ್ಕಿಯೂ ಸಿಕ್ಕಿತು, 1996ರಲ್ಲಿ ಲಿನಕ್ಸ್ ಮಾರುವ ಕಂಪನಿಗಳಿಗೆ ಕಾಗದ ಕಳಿಸಿ ನಂಗೆ ನೂರಕ್ಕೆ ಹತ್ತು ರಾಯಲ್ಟಿ ಕೊಡಿ ಅಂದ. ವಕೀಲರು, ತಕರಾರು ಎಲ್ಲ ಆಗಿ 1997ರಲ್ಲಿ ಹೆಸರು ಲಿನಸ್ ಕೈಗೆ ಬಂತು. "ನೀನು ಬೇಲಿ ಹಾಕದಿದ್ರೆ ಬೇರೆಯವ ಬಂದು ಹಾಕ್ತಾನೆ, ಅಷ್ಟೇ" ಅಂದ ರೂಮ್‌ಮೇಟ್. ನಾನು ಒಪ್ಲಿಲ್ಲ. ಮೈಕ್ರೋಸಾಫ್ಟ್‌ನವ್ರು ಲಿಂಡೋಸ್ ಅನ್ನುವ ಲಿನಕ್ಸ್ ಕಂಪನಿಯ ಹೆಸರಿನ ಮೇಲೆ ಕೇಸ್ ಹಾಕಿ, ವಿಂಡೋ ಅನ್ನುವ ಸಾಮಾನ್ಯ ಶಬ್ದಕ್ಕೆ ಹಕ್ಕು ಹೇಗೆ ಅಂತ ಕೋರ್ಟಲ್ಲಿ ಪ್ರಶ್ನೆ ಬಂದು, ಕಡೆಗೆ 2004ರಲ್ಲಿ ತಾವೇ 2 ಕೋಟಿ ಡಾಲರ್ ಕೊಟ್ಟು ಆ ಹೆಸರು ಬಿಡಿಸಿದ್ದನ್ನು ಹೇಳಿದೆ, ಬೇಲಿ ಅಂದ್ರೆ ದೊಡ್ಡವರು ಸಣ್ಣವರನ್ನು ಹೆದರಿಸ್ಲಿಕ್ಕೆ ಇರುದು ಅಂದೆ. ಹಾಗೆಯೇ ವರ್ಷಗಳು ಹೋದುವು.

ಈ ಸಲ ಜುಲೈಯಲ್ಲಿ ಉಡುಪಿ ಹತ್ರದ ಮಟ್ಟುವಿನಿಂದ ಒಬ್ರು ರಿಟೈರ್ಡ್ ಮಾಷ್ಟ್ರು ಅಂಗಡಿಗೆ ಬಂದ್ರು. ಬೆಳಿಗ್ಗೆಯಿಂದ ಬಿಡದ ಮಳೆ, ಲ್ಯಾಪ್‌ಟಾಪನ್ನು ಮೊದ್ಲು ಬೆಡ್‌ಶೀಟಿನಲ್ಲಿ ಸುತ್ತಿ, ಅದರ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಹಾಕಿ, ಅದನ್ನು ಬಟ್ಟೆ ಚೀಲದೊಳಗೆ ಇಟ್ಕೊಂಡು ಬಂದಿದ್ರು, ಕೊಡೆಯಿಂದ ನೀರು ಇಳೀತಾ ಇದ್ರೂ ಲ್ಯಾಪ್‌ಟಾಪಿಗೆ ಒಂದು ಹನಿ ತಾಗಿರ್ಲಿಲ್ಲ. ಊರಿನ ಭಜನಾ ಮಂಡಳಿಯ ಲೆಕ್ಕಪತ್ರ ಎಲ್ಲ ಇವರದ್ದೇ ಜವಾಬ್ದಾರಿ. ಎಕ್ಸೆಲಿಗೆ ದುಡ್ಡು ಕೊಡುದು ಬೇಡ, ಲಿಬ್ರೆಆಫೀಸ್ ಹಾಕಿಕೊಳ್ಳಿ, ಅದು ಫ್ರೀ ಅಂತ ಬೇಸಿಗೆಯಲ್ಲಿ ನಾನೇ ಹೇಳಿದ್ದೆ. ಮನೆಯಲ್ಲಿ ಮೊಮ್ಮಗನ ಹತ್ರ ಹುಡುಕಿಸಿ, ಮೇಲೆ ಮೊದ್ಲು ಬಂದದ್ದನ್ನು ಒತ್ತಿದ್ದಾರೆ. ಅದು ಜಾಹೀರಾತಿನ ಲಿಂಕ್. ಹೆಸರು ಅದೇ, ಮೂಲೆ ಮಡಚಿದ ಕಾಗದದ ಚಿತ್ರ ಅದೇ, ಹಸಿರು ಬಣ್ಣ ಅದೇ. ಆ ಸೈಟು ಸಾವಿರದ ಎಂಟ್ನೂರು ರೂಪಾಯಿ ಕೇಳಿದೆ, ಇವರು ಕೊಟ್ಟಿದ್ದಾರೆ. ಮತ್ತೆ ಶುರು, ಬ್ರೌಸರಿನ ಮೊದಲ ಪುಟ ಬದ್ಲಾಯ್ತು, ಸ್ಕ್ರೀನಿನ ಬಲಗಡೆ ಕೆಳಗೆ ನಿಮಿಷಕ್ಕೊಂದು ವೈರಸ್ ಉಂಟು ವೈರಸ್ ಉಂಟು ಅಂತ ಡಬ್ಬ ಏಳ್ಲಿಕ್ಕೆ ಶುರುವಾಯ್ತು.

ನಾನು ಎರಡು ಗಂಟೆ ಕೂತೆ. ತೆಗೆದ್ರೆ ಪುನಃ ಬರ್ತಿತ್ತು, ಟಾಸ್ಕ್ ಶೆಡ್ಯೂಲರಿನೊಳಗೆ ಒಂದು ಸಾಲು ಅಡಗಿಸಿ ಇಟ್ಟಿದ್ರು, ಪ್ರತಿ ಸಲ ಕಂಪ್ಯೂಟರ್ ಆನ್ ಮಾಡುವಾಗ ಅದು ಪುನಃ ಎಲ್ಲ ತಂದು ಹಾಕುದು. ಒಳಗಿದ್ದದ್ದು ನಿಜವಾದ ಲಿಬ್ರೆಆಫೀಸೇ, ಹಳೇ ಆವೃತ್ತಿ, ಅದಕ್ಕೆ ಈ ಹೊಲಸು ಕಟ್ಟಿ ಕೊಟ್ಟಿದ್ರು. ಮಾಷ್ಟ್ರು ಸ್ಟೂಲ್ ಮೇಲೆ ಕೂತು ನೋಡ್ತಾ ಇದ್ದವ್ರು ಮೆಲ್ಲ ಕೇಳಿದ್ರು, "ನೀವು ಫ್ರೀ ಅಂತ ಹೇಳಿದ್ರಿ ಅಲ್ವಾ, ಮತ್ತೆ ಅವರು ದುಡ್ಡು ತಕ್ಕೊಂಡದ್ದು ತಪ್ಪಲ್ವಾ?"

ಅದಕ್ಕೆ ಉತ್ತರ ಹೇಳ್ಲಿಕ್ಕೆ ಹೋಗಿ ನಾನೇ ಸಿಕ್ಕಿಬಿದ್ದೆ. ಯಾಕಂದ್ರೆ ದುಡ್ಡು ತಕ್ಕೊಂಡದ್ದು ತಪ್ಪಲ್ಲ. ಲಿಬ್ರೆಆಫೀಸಿನ ಲೈಸೆನ್ಸಿನಲ್ಲಿ ಯಾರು ಬೇಕಾದ್ರೂ ಆ ಸಾಫ್ಟ್‌ವೇರನ್ನು ಮಾರ್ಬಹುದು, ಲಿಬ್ರೆಆಫೀಸ್‌ನವ್ರೇ ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಸಣ್ಣ ದುಡ್ಡಿಗೆ ಇಟ್ಟಿದ್ದಾರೆ. ಬದಲಾಯಿಸ್ಬಹುದು, ಬೇರೆ ಏನಾದ್ರೂ ಸೇರಿಸ್ಬಹುದು, ಬದಲಾಯಿಸಿದ ಕೋಡ್ ತೋರಿಸ್ಬೇಕು ಅಂತ ಕೆಲವು ಷರತ್ತು ಉಂಟು ಅಷ್ಟೇ. ಹಾಗಾದ್ರೆ ಅವ್ರು ಮಾಷ್ಟ್ರಿಗೆ ಮಾಡಿದ ಮೋಸ ಎಲ್ಲಿ ಉಂಟು? ಹೆಸರಿನಲ್ಲಿ. ಬೇರೆ ಹೆಸರಿಟ್ಟು, ಇದು ನಮ್ಮದು, ಇದ್ರಲ್ಲಿ ಜಾಹೀರಾತು ಬರ್ತದೆ ಅಂತ ಹೇಳಿ ಮಾರಿದ್ರೆ ಮಾಷ್ಟ್ರು ತಕ್ಕೊಳ್ತಿರ್ಲಿಲ್ಲ. ನಾನು ಹೇಳಿದ ಹೆಸರನ್ನು ನಂಬಿ ದುಡ್ಡು ಕೊಟ್ಟದ್ದು. ಇಂಥವ್ರನ್ನು ಹಿಡೀಲಿಕ್ಕೆ ಲಿಬ್ರೆಆಫೀಸ್‌ನವ್ರ ಕೈಯಲ್ಲಿರುವ ಗಟ್ಟಿ ಹತ್ಯಾರು ಅಂದ್ರೆ ಆ ಟ್ರೇಡ್‌ಮಾರ್ಕ್, ನಾನು ಬೇಡ ಬೇಡ ಅಂತಿದ್ದದ್ದು.

ಇದನ್ನೆಲ್ಲ ಅವರಿಗೆ ಹೇಳಿದೆ. ಅವರು ಸ್ವಲ್ಪವೂ ಆಶ್ಚರ್ಯಪಡ್ಲಿಲ್ಲ. "ಅದು ನಮ್ಮ ಗುಳ್ಳದ ಹಾಗೆ" ಅಂದ್ರು. ಮಾಷ್ಟ್ರಿಗೆ ಮಟ್ಟುವಿನಲ್ಲಿ ಸ್ವಲ್ಪ ಗದ್ದೆ ಉಂಟು, ಭತ್ತದ ಕೊಯ್ಲು ಆದ ಮೇಲೆ ಗುಳ್ಳ ಹಾಕ್ತಾರೆ. ಮಟ್ಟುಗುಳ್ಳ ಗೊತ್ತಿಲ್ಲದವ್ರಿಗೆ ಹೇಳುದಾದ್ರೆ ತಿಳಿ ಹಸಿರು ಬಣ್ಣದ ದುಂಡು ಬದನೆ, ತೊಟ್ಟಿನಲ್ಲಿ ಮುಳ್ಳು, ಸಿಪ್ಪೆ ತೆಳು, ವಾದಿರಾಜರು ಆ ಊರಿನವ್ರಿಗೆ ಬೀಜ ಕೊಟ್ಟದ್ದು ಅಂತ ನಂಬಿಕೆ, 2011ರಲ್ಲಿ ಜಿಐ, ಅಂದ್ರೆ ಆ ಊರಿನ ಬೆಳೆಗೆ ಮಾತ್ರ ಆ ಹೆಸರು ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. "ಬೀಜ ಯಾರು ಬೇಕಾದ್ರೂ ಕೊಂಡೋಗ್ಲಿ ಮಾರಾಯ್ರೆ, ಅವರವರ ಹಿತ್ಲಲ್ಲಿ ಹಾಕ್ಲಿ, ನಾವು ಬೇಡ ಹೇಳುದಿಲ್ಲ, ಬೇರೆ ಮಣ್ಣಲ್ಲಿ ಬೆಳೆದದ್ದನ್ನು ತಂದು ಮಟ್ಟುಗುಳ್ಳ ಅಂತ ಮಾರಿದ್ರೆ ಮಾತ್ರ ನಮ್ಗೆ ಸಂಕಟ ಆಗ್ತದೆ, ಪೇಟೆಯವ್ರು ಅದನ್ನು ಬೇಯಿಸಿ ತಿಂದು ಇದೆಂತ ಗುಳ್ಳ ಅಂತ ನಮ್ಗೆ ಬೈತಾರೆ. ಅದಕ್ಕೇ ಸ್ಟಿಕ್ಕರ್ ಅಂಟಿಸುದು."

ಒಂದೊಂದು ಗುಳ್ಳಕ್ಕೂ ಒಂದೊಂದು ಸ್ಟಿಕ್ಕರ್. ನಾನು ಮಾರ್ಕೆಟಿನಲ್ಲಿ ಎಷ್ಟೋ ಸಲ ನೋಡಿದ್ದೇನೆ, ಅಮ್ಮ ಹೆಚ್ಚುವ ಮೊದ್ಲು ಉಗುರಲ್ಲಿ ಕಿತ್ತು ಬಚ್ಚಲ ಗೋಡೆಗೆ ಅಂಟಿಸ್ತಿದ್ದದ್ದು ನೆನಪುಂಟು, ಅದನ್ನು ಇಷ್ಟು ವರ್ಷದ ನಮ್ಮ ಜಗಳದ ಜೊತೆ ಜೋಡಿಸಿ ನೋಡಿರ್ಲಿಲ್ಲ.

ಆ ಆದಿತ್ಯವಾರ ರೂಮ್‌ಮೇಟ್‌ಗೆ ಹೇಳಿದೆ, ಅವನಿಗೆ ಖುಷಿಯಾಯ್ತು, ಆದ್ರೆ ನಾನು ಅಲ್ಲಿಗೆ ನಿಲ್ಲಿಸ್ಲಿಲ್ಲ. ಮುಕ್ಕಾಲು ಅಂದೆನಲ್ಲ, ಉಳಿದ ಕಾಲು ಭಾಗ ಇಲ್ಲುಂಟು. ಗುಳ್ಳದ ಹೆಸರು ಒಬ್ಬ ಸಾಹುಕಾರನದ್ದಲ್ಲ, ಆ ಊರಿನ ಬೆಳೆಗಾರರದ್ದು. ಸಾಫ್ಟ್‌ವೇರಿನಲ್ಲಿ ಹಾಗಿಲ್ಲ. ಸರ್ವರಿಗೆ ಹಾಕುವ ಸೆಂಟ್‌ಓಎಸ್ ಅನ್ನುವ ಲಿನಕ್ಸ್ ನೋಡಿ. ರೆಡ್‌ಹ್ಯಾಟ್ ಅನ್ನುವ ಲಿನಕ್ಸ್ ಕಂಪನಿಯ ಸೋರ್ಸ್ ಕೋಡ್ ತಕ್ಕೊಂಡು, ರೆಡ್‌ಹ್ಯಾಟ್ ಅನ್ನುವ ಹೆಸರು ಲೋಗೋ ಎಲ್ಲ ಒಂದೊಂದಾಗಿ ಹೆಕ್ಕಿ ತೆಗೆದು, ಫ್ರೀಯಾಗಿ ಕೊಡ್ತಿದ್ರು. ಮೂಲ ಕಂಪನಿಯ ಹೆಸರು ಹೇಳ್ಲಿಕ್ಕೂ ಹಿಂದೆಮುಂದೆ ನೋಡಿ "ಉತ್ತರ ಅಮೆರಿಕದ ಒಬ್ಬ ಪ್ರಮುಖ ಲಿನಕ್ಸ್ ಮಾರಾಟಗಾರ" ಅಂತ ಬರೀತಿದ್ದ ಕಾಲ ಒಂದಿತ್ತು. 2014ರಲ್ಲಿ ಸೆಂಟ್‌ಓಎಸ್ ಹೆಸರೇ ರೆಡ್‌ಹ್ಯಾಟ್ ಕೈಗೆ ಹೋಯ್ತು, ಎಲ್ರೂ ಒಳ್ಳೇದಾಯ್ತು ಅಂದ್ರು, ನಾನೂ ಅಂದೆ. 2019ರಲ್ಲಿ ರೆಡ್‌ಹ್ಯಾಟನ್ನು ಐಬಿಎಂ ಕೊಂಡ್ಕೊಂಡಿತು. 2020ರ ಡಿಸೆಂಬರಿನಲ್ಲಿ ಸೆಂಟ್‌ಓಎಸ್ 8 ಮುಂದಿನ ವರ್ಷದ ಕೊನೆಗೆ ಮುಗೀತದೆ ಅಂತ ಹೇಳಿದ್ರು, 2029ರವರೆಗೆ ಇರ್ತದೆ ಅಂತ ನಂಬಿ ನಾನು ಎರಡು ಕಡೆ ಸರ್ವರಿಗೆ ಹಾಕಿ ಕೊಟ್ಟಿದ್ದೆ. ಕೋಡ್ ಎಲ್ಲ ಇತ್ತು, ರಾಕಿ ಲಿನಕ್ಸ್, ಆಲ್ಮಾಲಿನಕ್ಸ್ ಅಂತ ಬೇರೆಯವ್ರು ಅದೇ ಕೋಡಿನಿಂದ ಪುನಃ ಕಟ್ಟಿದ್ರು, ಆದ್ರೆ ಜನ ನಂಬಿದ್ದ ಹೆಸರು ಮಾತ್ರ ಅವ್ರಿಗೆ ಸಿಗ್ಲಿಲ್ಲ. ಕಸ್ಟಮರಿಗೆ ಇದು ಅದೇ, ಹೆಸರು ಬೇರೆ ಅಂತ ಹೇಳಿ ನಂಬಿಸ್ಲಿಕ್ಕೆ ನಂಗೆ ಒಂದು ತಿಂಗಳು ಹಿಡೀತು.

ಪ್ರೋಗ್ರಾಮರುಗಳು ಬಳಸುವ ಹಡ್ಸನ್ ಅನ್ನುವ ಸಾಫ್ಟ್‌ವೇರಿನ ಕತೆಯೂ ಹಾಗೆಯೇ, ಸನ್ ಕಂಪನಿಯನ್ನು ಒರಾಕಲ್ ಕೊಂಡ ಮೇಲೆ ಹೆಸರು ನಮ್ಮದು ಅಂದ್ರು, 2011ರಲ್ಲಿ ಅದರ ಕೋಡ್ ಬರೆಯುವವ್ರು ಓಟು ಹಾಕಿ ಜೆಂಕಿನ್ಸ್ ಅಂತ ಬದಲಾಯಿಸಿ ಹೊರಟೇ ಹೋದ್ರು. ಜೆಂಕಿನ್ಸ್ ಈಗ್ಲೂ ರೂಮ್‌ಮೇಟ್ ಆಫೀಸಿನಲ್ಲಿ ಓಡ್ತಾ ಉಂಟು, ಹಡ್ಸನ್ ಹೆಸರು ಎತ್ತುವವ್ರಿಲ್ಲ. ಸನ್‌ನಿಂದ ಒರಾಕಲಿಗೆ ಹೋದ ಓಪನ್‌ಆಫೀಸಿನದ್ದು ಇನ್ನೂ ಬೇಸರದ ವಿಷಯ. 2010ರಲ್ಲಿ ಅದರ ಕೋಡ್ ಬರೆಯುವವ್ರಲ್ಲಿ ತುಂಬಾ ಜನ ಹೊರಗೆ ಬಂದು ಲಿಬ್ರೆಆಫೀಸ್ ಮಾಡಿದ್ರು, ಹೆಸರು ಒರಾಕಲಿನಲ್ಲೇ ಉಳಿದು ಮರುವರ್ಷ ಅಪಾಚೆ ಅನ್ನುವ ಸಂಸ್ಥೆಯವ್ರಿಗೆ ಹೋಯ್ತು, 2014ರ 4.1 ಆವೃತ್ತಿಯ ಮೇಲೆ ಸಣ್ಣಪುಟ್ಟ ರಿಪೇರಿ ಬಿಟ್ರೆ ಏನೂ ಬರ್ಲಿಲ್ಲ, ಆದ್ರೂ ಹೆಸರು ಗೊತ್ತಿರುವ ಕಾರಣಕ್ಕೆ ಜನ ಇವತ್ತಿಗೂ ಅದನ್ನೇ ಹುಡುಕಿ ಹಾಕ್ತಾರೆ. ಮತ್ತೆ ಜಾವಾಸ್ಕ್ರಿಪ್ಟ್! ಪ್ರಪಂಚ ಇಡೀ ಬಳಸುವ ಪ್ರೋಗ್ರಾಮಿಂಗ್ ಭಾಷೆ, ಆ ಶಬ್ದದ ಟ್ರೇಡ್‌ಮಾರ್ಕ್ ಸನ್‌ನಿಂದ ಒರಾಕಲಿಗೆ ಬಂದದ್ದು, ಹಾಗಾಗಿ ಆ ಭಾಷೆಯ ಅಧಿಕೃತ ಸ್ಟಾಂಡರ್ಡಿಗೆ ಎಕ್ಮಾಸ್ಕ್ರಿಪ್ಟ್ ಅಂತ ಬೇರೆ ಹೆಸರು ಇಡ್ಬೇಕಾಯ್ತು. ಅದನ್ನು ರದ್ದು ಮಾಡಿ ಅಂತ 2024ರ ನವೆಂಬರಿನಲ್ಲಿ ಡೆನೋ ಅನ್ನುವ ಜಾವಾಸ್ಕ್ರಿಪ್ಟ್ ಸಾಫ್ಟ್‌ವೇರ್ ಮಾಡುವವ್ರು ಅಮೆರಿಕದ ಟ್ರೇಡ್‌ಮಾರ್ಕ್ ಆಫೀಸಿಗೆ ಅರ್ಜಿ ಹಾಕಿದ್ರು, ನಾನು ಪೂರ್ತಿ ಅವ್ರ ಪರ. ಹೆಸರು ಕಾಯುವವ ಆ ಗದ್ದೆಯಲ್ಲಿ ಕೆಲಸ ಮಾಡುವವ ಆಗಿರ್ಬೇಕು, ಇಲ್ಲಾಂದ್ರೆ ಅದು ಸ್ಟಿಕ್ಕರ್ ಅಲ್ಲ, ಬರೀ ಬೀಗ.

ರೂಮ್‌ಮೇಟ್ ಅಷ್ಟಕ್ಕೇ ಬಿಡ್ಲಿಲ್ಲ, ಈ ಸಲ ಅವನೇ ನನ್ನ ಹಳೇ ಜಾಗದಲ್ಲಿ ನಿಂತು ಕೇಳಿದ, ಹಾಗಾದ್ರೆ ಕೆ.ಪಿ. ರಾವ್? ಕಿನ್ನಿಕಂಬಳದ ಕೆ.ಪಿ. ರಾಯರು ಕನ್ನಡದ ಕೀಲಿಮಣೆ ವಿನ್ಯಾಸ ಮಾಡಿ, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಲ್ಲಿ ತಂತ್ರಾಂಶ ಮಾಡಿ, ಎಲ್ಲ ಪುಕ್ಕಟೆ ಕೊಟ್ಟವ್ರು, ಸರ್ಕಾರ ಅದೇ ವಿನ್ಯಾಸವನ್ನು ಸ್ಟಾಂಡರ್ಡ್ ಮಾಡಿತು, ನುಡಿ ತಂತ್ರಾಂಶದಲ್ಲಿ ನಾವು ಟೈಪ್ ಮಾಡುದು ಅದರಲ್ಲೇ. ಅವ್ರು ಯಾವ ಬೇಲಿ ಹಾಕಿದ್ರು, ಎಂತ ಹಾಳಾಯ್ತು? ಇದಕ್ಕೆ ನಾನು ಚಾ ಆರುವವರೆಗೆ ಯೋಚಿಸಿದೆ. ಕೀಲಿಮಣೆ ವಿನ್ಯಾಸಕ್ಕೆ ಮೋಸ ಮಾಡ್ಲಿಕ್ಕೆ ಆಗುದಿಲ್ಲ, ಕೆ ಒತ್ತಿದ್ರೆ ಕ ಬರ್ಬೇಕು, ಯಾರಾದ್ರೂ ಒಂದು ಕೀಲಿ ಬದಲಾಯಿಸಿ ಕೆ.ಪಿ. ರಾವ್ ಲೇಔಟ್ ಅಂತ ಕೊಟ್ರೆ ಡಿಟಿಪಿ ಮಾಡುವ ಹುಡುಗಿಯ ಬೆರಳಿಗೆ ಮೊದಲ ಸಾಲಲ್ಲೇ ಗೊತ್ತಾಗ್ತದೆ. ಮುನ್ನೂರು ಎಂಬಿಯ ಇನ್‌ಸ್ಟಾಲರ್ ಒಳಗೆ ಎಂತ ಉಂಟು ಅಂತ ಯಾರ ಬೆರಳಿಗೂ ಗೊತ್ತಾಗುದಿಲ್ಲ, ಮಾಷ್ಟ್ರಿಗೆ ಗೊತ್ತಾಗ್ಲಿಲ್ಲ, ಎರಡು ಗಂಟೆ ಕೂರದಿದ್ರೆ ನಂಗೂ ಗೊತ್ತಾಗ್ತಿರ್ಲಿಲ್ಲ. ಅವ ತಲೆ ಅಲ್ಲಾಡಿಸಿದ, ಒಪ್ಪಿದ್ನೋ ಇಲ್ವೋ ಹೇಳ್ಲಿಲ್ಲ, ಬಿಲ್ ಅವನೇ ಕೊಟ್ಟ.

ಅಂದ ಹಾಗೆ ಡೆಬಿಯನ್‌ನವ್ರಿಗೂ ಮೊಜಿಲ್ಲಾದವ್ರಿಗೂ 2016ರಲ್ಲಿ ರಾಜಿಯಾಗಿದೆ, ಈಗ ಡೆಬಿಯನ್‌ನಲ್ಲಿ ಫೈರ್‌ಫಾಕ್ಸ್ ಅಂತಲೇ ಬರ್ತದೆ.

ಮಾಷ್ಟ್ರ ದುಡ್ಡು ವಾಪಸ್ ಬರ್ಲಿಲ್ಲ. ಎರಡು ವಾರ ಬಿಟ್ಟು ಲ್ಯಾಪ್‌ಟಾಪ್ ಕೊಂಡೋಗ್ಲಿಕ್ಕೆ ಬಂದಾಗ ಕಿಸೆಯಿಂದ ಡೈರಿ ತೆಗೆದ್ರು, ಸರಿಯಾದ ವಿಳಾಸ ಹೇಳಿ ಅಂದ್ರು, ನಾನು ಹೇಳ್ತಾ ಹೋದೆ, ಅವರು ಪೆನ್ನು ಒತ್ತಿ ಒಂದೊಂದೇ ಅಕ್ಷರ ಬರೀತಾ ಹೋದ್ರು. "ಡಾಟ್ ಕಾಮಾ?" ಅಂತ ಕೇಳಿದ್ರು. ಅಲ್ಲ ಮಾಷ್ಟ್ರೇ, ಡಾಟ್ ಓ ಆರ್ ಜಿ ಅಂದೆ. ಬರೆದ್ರು, ಅದರ ಕೆಳಗೆ ಎರಡು ಗೆರೆ ಎಳೆದ್ರು, ಭಜನಾ ಮಂಡಳಿಯಲ್ಲಿ ಇನ್ನೂ ನಾಲ್ಕು ಜನರಿಗೆ ಹೇಳ್ಲಿಕ್ಕುಂಟು ಅಂದ್ರು.