ಸ್ವಂತ ಮನೆ ಇದ್ದೂ ನೀವು ಯಾಕೆ ಅಪಾರ್ಟ್‌ಮೆಂಟ್ ಬರಲಿ ಅಂತೀರಿ?

"ನಿಮ್ಮದೂ ಸ್ವಂತ ಮನೆ ಅಲ್ವಾ? ಕ್ಯಾಲಿಫೋರ್ನಿಯಾದ ನಮ್ಮ ಕೂಪರ್ಟಿನೊದಲ್ಲಿ ಎಷ್ಟು ಮನೆ ಬರಬೇಕು ಅಂತ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಕೂತ ರಾಜ್ಯ ಸರ್ಕಾರದವರು ಹೇಳಿದರೆ ನೀವು ಹೇಗೆ ಸರಿ ಅಂತೀರಿ?"

ಕನ್ನಡ ಕೂಟದ ಊಟದಲ್ಲಿ, ಮಕ್ಕಳ ಕ್ರಿಕೆಟ್ ಕ್ಲಾಸಿನ ಹೊರಗೆ, ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ, ಎಲ್ಲ ಕಡೆ ನನಗೆ ಈ ಪ್ರಶ್ನೆ ಬರುತ್ತದೆ. ಕೇಳುವವರು ಸ್ನೇಹಿತರೇ. ವರ್ಷಗಟ್ಟಲೆ ದುಡಿದು, ಇನ್ನೂ ಸಾಲ ಕಟ್ಟುತ್ತಿರುವವರು. ಅವರ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಉತ್ತರ ಒಂದೇ. ಎಷ್ಟು ಮನೆ ಬೇಕು ಅಂತ ಹೇಳಬೇಕಾದದ್ದು ರಾಜ್ಯ. ಅವು ಎಲ್ಲಿ, ಹೇಗೆ ಬರಬೇಕು ಅನ್ನುವುದು ಊರಿಗೆ ಬಿಟ್ಟದ್ದು.

ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಊರೂ ಮನೆಗಳಿಗೆ ಜಾಗ ತೋರಿಸಬೇಕು ಅನ್ನುವ ಕಾನೂನು ಹೊಸದೇನಲ್ಲ, 1969ರದ್ದು. ಹಾಗೆ ಜಾಗ ತೋರಿಸುವ ಊರಿನ ಯೋಜನೆಗೆ ಹೌಸಿಂಗ್ ಎಲಿಮೆಂಟ್ ಅಂತಾರೆ. ಎಂಟು ವರ್ಷಕ್ಕೊಮ್ಮೆ ರಾಜ್ಯ ಪ್ರತಿ ಪ್ರದೇಶಕ್ಕೂ ಒಂದು ಸಂಖ್ಯೆ ಕೊಡುತ್ತದೆ. 2023ರಿಂದ 2031ರವರೆಗೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಪಾಲು 4,41,176 ಮನೆ. ಅದರಲ್ಲಿ ಫ್ರೀಮಾಂಟ್‌ಗೆ 12,897, ನಮ್ಮ ಕೂಪರ್ಟಿನೊಗೆ 4,588. ಇಷ್ಟು ಮನೆಯನ್ನು ಸಿಟಿ ತಾನೇ ಕಟ್ಟಬೇಕಾಗಿಲ್ಲ. ಯಾರಾದರೂ ಕಟ್ಟೋಕೆ ಬಂದರೆ ಕಟ್ಟಲು ಆಗುವ ಹಾಗೆ ಝೋನಿಂಗ್, ಅಂದರೆ ಎಲ್ಲಿ ಏನು ಕಟ್ಟಬಹುದು ಅನ್ನುವ ನಿಯಮ, ಇರಬೇಕು, ಅಷ್ಟೇ. ಬಹಳ ಕಾಲ ಊರುಗಳು ಕಾಗದದ ಮೇಲೆ ಜಾಗ ತೋರಿಸಿ ಸುಮ್ಮನಾಗುತ್ತಿದ್ದವು. 2017ರಿಂದೀಚೆಗೆ ರಾಜ್ಯ ಒಂದಾದ ಮೇಲೊಂದು ಕಾನೂನು ತಂದು ಹಗ್ಗ ಬಿಗಿ ಮಾಡಿತು.

"ಊರಿನ ವಿಷಯ ಊರಿನವರಿಗೆ ಬಿಡಿ" ಅನ್ನುವವರು ನಮ್ಮ ಕೂಪರ್ಟಿನೊದ ವಾಲ್ಕೊ ಮಾಲ್ ಕಥೆ ನೆನಪು ಮಾಡಿಕೊಳ್ಳಬೇಕು. ಅಂಗಡಿಗಳು ಖಾಲಿಯಾಗುತ್ತಾ ಬಂದ ಆ ಜಾಗದಲ್ಲಿ ಏನು ಬರಬೇಕು ಅಂತ 2016ರಲ್ಲಿ ಎರಡು ಪ್ರಸ್ತಾಪ ಮತಕ್ಕೆ ಬಂದವು, ಒಂದು ಕಟ್ಟುವವರ ಕಡೆಯದು, ಇನ್ನೊಂದು ತಡೆಯುವವರ ಕಡೆಯದು. ಜನ ಎರಡನ್ನೂ ಸೋಲಿಸಿದರು! 2018ರಲ್ಲಿ ಡೆವಲಪರ್ ಎಸ್‌ಬಿ 35 ಅನ್ನುವ ರಾಜ್ಯ ಕಾನೂನಿನ ಅಡಿಯಲ್ಲಿ 2,402 ಮನೆಗಳಿಗೆ ಅರ್ಜಿ ಹಾಕಿದರು. ಅರ್ಧದಷ್ಟು ಮನೆ ಕಡಿಮೆ ಆದಾಯದವರಿಗೆ. ನಿಯಮಕ್ಕೆ ಸರಿಹೊಂದಿದರೆ ಸಿಟಿ ಬೇಡ ಅನ್ನುವ ಹಾಗಿಲ್ಲ, ಹಾಗಾಗಿ ಒಪ್ಪಿಗೆ ಸಿಕ್ಕಿತು. ಕೂಡಲೇ ಊರಿನ ಒಂದು ಗುಂಪು ಕೋರ್ಟಿಗೆ ಹೋಯಿತು, 2020ರಲ್ಲಿ ಸೋತಿತು. ಆಮೇಲೂ ವರ್ಷಗಟ್ಟಲೆ ಮನೆ ಏಳಲಿಲ್ಲ. ಇಷ್ಟು ವರ್ಷದಲ್ಲಿ ಇಲ್ಲಿ ಕೆಲಸಕ್ಕೆ ಬಂದು, ಬಾಡಿಗೆ ಕೊಡಲಾಗದೆ ಹೊರಟುಹೋದ ಎಷ್ಟು ಸಂಸಾರ ನಮಗೇ ಗೊತ್ತು!

ನನ್ನ ಮಗಳಿಗೆ ಪಾಠ ಹೇಳಿದ ಒಬ್ಬ ಟೀಚರ್ ದೂರದ ಟ್ರೇಸಿ ಅನ್ನುವ ಊರಿನಿಂದ ಬರುತ್ತಿದ್ದರು. ಬೆಳಗ್ಗೆ ಐದಕ್ಕೆ ಮನೆ ಬಿಟ್ಟು ಆಲ್ಟಮಾಂಟ್ ಪಾಸ್ ದಾಟಿ ಇಲ್ಲಿಗೆ. ಸಿಟಿ ಕೌನ್ಸಿಲ್ ಸಭೆ ನಡೆಯುವುದು ಸಂಜೆ, ಅವರು ವಾಪಸ್ ಟ್ರಾಫಿಕ್‌ನಲ್ಲಿ ಇರುವ ಹೊತ್ತಿನಲ್ಲಿ. ಬಂದರೂ ಅವರ ಓಟು ಇಲ್ಲಿಲ್ಲ. ಮನೆ ಬೇಡ ಅಂತ ಮಾತಾಡಲು ಬರುವವರು ಈಗಾಗಲೇ ಇಲ್ಲಿ ಮನೆ ಇರುವವರು, ಮನೆ ಬೇಕಾದವರು ಬೇರೆ ಊರಿನಲ್ಲಿ. ಹೀಗಿರುವಾಗ ಲೆಕ್ಕ ಸರಿಹೋಗುವುದು ಹೇಗೆ? ಆ ಟೀಚರ್ ಓಟು ರಾಜ್ಯದ ಮಟ್ಟದಲ್ಲಿ ಮಾತ್ರ ಎಣಿಕೆಗೆ ಬರುತ್ತದೆ. ಅದಕ್ಕೇ ಸಂಖ್ಯೆ ಅಲ್ಲಿಂದ ಬರಬೇಕು ಅನ್ನುವುದು.

"ಅಪಾರ್ಟ್‌ಮೆಂಟ್ ಬಂದರೆ ಸ್ಕೂಲ್ ತುಂಬಿಹೋಗುತ್ತೆ" ಅಂತಲೂ ಹೇಳುತ್ತಾರೆ. ಇಲ್ಲಿ ಆದದ್ದು ಅದರ ಉಲ್ಟಾ. ಮಕ್ಕಳ ಸಂಖ್ಯೆ ಇಳಿದು ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್ 2022ರಲ್ಲಿ ಶಾಲೆಗಳನ್ನು ಮುಚ್ಚಿತು. ಮನೆ ಕೊಳ್ಳಲಾಗದೆ ಚಿಕ್ಕ ಮಕ್ಕಳಿರುವವರು ಬರದಿದ್ದರೆ ತರಗತಿ ತುಂಬುವುದಾದರೂ ಯಾರಿಂದ?

ಇನ್ನೊಂದು ಮಾತು ನಮ್ಮವರು ತಿಳಿದಿರಲೇಬೇಕು. ಒಂದು ಸೈಟಿಗೆ ಒಂದೇ ಮನೆ ಅನ್ನುವ ನಿಯಮ ಮೊದಲು ಬಂದ ಊರುಗಳಲ್ಲಿ ಒಂದು ಇಲ್ಲೇ ಹತ್ತಿರದ ಬರ್ಕ್ಲಿ, 1916ರಲ್ಲಿ. 2021ರಲ್ಲಿ ಅದನ್ನು ಕೈಬಿಡುವ ನಿರ್ಣಯ ಮಾಡಿದಾಗ ಅದರ ಬೇರು ಜನಾಂಗ ಭೇದದಲ್ಲಿ ಇತ್ತು ಅಂತ ಬರ್ಕ್ಲಿ ಕೌನ್ಸಿಲ್ ತಾನೇ ಒಪ್ಪಿಕೊಂಡಿತು. ಏಷ್ಯಾದಿಂದ ಬಂದವರನ್ನೂ ದೂರ ಇಡಲು ಬಳಸಿದ ಬೇಲಿ ಅದು. ಅದನ್ನು ನಾವೇ ನಿಂತು ಕಾಯುವುದು ನನಗೆ ಸಂಕಟದ ವಿಷಯ.

ಹಾಗಂತ ರಾಜ್ಯ ಹೇಳಿದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ನಾನು ಬೆಂಗಳೂರಿನವಳು. ಊರಿನ ನಕ್ಷೆ ಪಾಲಿಕೆಯ ಕೈಯಲ್ಲಿಲ್ಲದೆ ರಾಜ್ಯದ ಹಿಡಿತದ ಬಿಡಿಎ ಕೈಯಲ್ಲಿದ್ದಾಗ ಏನಾಯಿತು ಅಂತ ನೋಡಿದ್ದೇನೆ. 2007ರಲ್ಲಿ ಒಪ್ಪಿದ ಮಾಸ್ಟರ್ ಪ್ಲಾನ್ 2015ರವರೆಗಿನದು. ಅದರ ಮುಂದಿನ 2031ರ ಕರಡನ್ನು ವಾಪಸ್ ತೆಗೆದುಕೊಂಡರು. ಯಾವ ಬೀದಿಗೆ ಚರಂಡಿ ಬೇಕು, ಯಾವ ಮರ ಉಳಿಯಬೇಕು ಅನ್ನುವುದು ದೂರ ಕೂತವರಿಗೆ ತಿಳಿಯುವುದಿಲ್ಲ.

ಬಿಲ್ಡರ್ಸ್ ರೆಮಿಡಿ ಅನ್ನುವ ರಾಜ್ಯದ ನಿಯಮದ ಬಗ್ಗೆ ಸ್ನೇಹಿತರಿಗೆ ಇರುವ ಸಿಟ್ಟು ನನಗೂ ಸ್ವಲ್ಪ ಇದೆ. ಅದರ ಪ್ರಕಾರ, ಊರಿನ ಹೌಸಿಂಗ್ ಎಲಿಮೆಂಟ್ ಯೋಜನೆಗೆ ರಾಜ್ಯದ ಒಪ್ಪಿಗೆ ಇಲ್ಲದ ಹೊತ್ತಿನಲ್ಲಿ, 20% ಮನೆ ಕಡಿಮೆ ಆದಾಯದವರಿಗೆ ಇಟ್ಟರೆ, ಝೋನಿಂಗ್ ಮೀರಿದ ಕಟ್ಟಡಕ್ಕೂ ಅರ್ಜಿ ಹಾಕಬಹುದಿತ್ತು. ಆದರೆ ಆ ಯೋಜನೆಯ ಗಡುವು 2023ರ ಜನವರಿ 31 ಅಂತ ಮೊದಲೇ ಗೊತ್ತಿತ್ತಲ್ಲ? ಕೂಪರ್ಟಿನೊ ಯೋಜನೆಗೆ ರಾಜ್ಯದ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ. ನಡುವೆ ಅಂಥ ಅರ್ಜಿಗಳು ಬಂದವು. ಊರಿನ ಹಿಡಿತ ತಪ್ಪಿದ್ದು ಆಗಲೇ, ನಾವೇ ತಡ ಮಾಡಿದ್ದರಿಂದ.

ಸ್ಟೀವನ್ಸ್ ಕ್ರೀಕ್ ರಸ್ತೆಯಲ್ಲಿ ಕಟ್ಟಡ ಎಷ್ಟು ಎತ್ತರ ಇರಲಿ, ಮಕ್ಕಳು ಸೈಕಲ್‌ನಲ್ಲಿ ಹೋಗೋಕೆ ಜಾಗ ಎಲ್ಲಿ ಬಿಡಲಿ, ಕೆಳಗೆ ಅಂಗಡಿ ಬೇಕೋ ಬೇಡವೋ, ಇದನ್ನು ಕೇಳೋಕೆ ಕೌನ್ಸಿಲ್ ಸಭೆಗೆ ಕರೆಯಿರಿ, ಖಂಡಿತ ಬರುತ್ತೇನೆ, ನಿಮ್ಮ ಪಕ್ಕದಲ್ಲೇ ಕೂರುತ್ತೇನೆ. ಮನೆಯೇ ಬೇಡ ಅನ್ನೋಕೆ ಮಾತ್ರ ನನ್ನನ್ನು ಕರೆಯಬೇಡಿ.