ಎಡಗೈಗೊಂದು ಚಾಕು

ಮೊನ್ನೆ ತಂಗಿ ಮಗ ಫೋನ್ ಮಾಡಿ, "ಮಾವ, ಕಿಸೆಯಲ್ಲಿ ಇಟ್ಟುಕೊಳ್ಳೋಕೆ ಒಂದು ಮಡಿಚುವ ಚಾಕು ಬೇಕು, ಯಾವುದು ತಗೊಳ್ಳಲಿ?" ಎಂದು ಕೇಳಿದ. ಐದು ನಿಮಿಷದ ಮಾತು ಮುಕ್ಕಾಲು ಗಂಟೆ ಆಯಿತು. ಕೊನೆಗೆ ಅವನೇ, "ಮಾವ, ಇದನ್ನೆಲ್ಲ ಬರೆದುಬಿಡಿ, ಓದ್ಕೊಳ್ತೀನಿ" ಎಂದ. ಫೋನ್ ಇಡೋಕೆ ಮಾಡಿದ ಉಪಾಯ ಇರಬೇಕು. ಇರಲಿ, ಬರೆಯುತ್ತೇನೆ.

ನಾನು ತೀರ್ಥಹಳ್ಳಿ ಕಡೆಯವನು. ಎರಡೂವರೆ ಎಕರೆ ಅಡಿಕೆ ತೋಟ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ಅಲ್ಲಲ್ಲಿ ಬಾಳೆ. ತೋಟಕ್ಕೆ ಕತ್ತಿ ಬೇರೆ ಇದೆ, ಸೊಂಟದ ಹಿಂದೆ ಕತ್ತಿಕೊಕ್ಕೆಗೆ ಸಿಕ್ಕಿಸಿಕೊಂಡು ಹೋಗುವುದು. ಆದರೆ ಗೊಬ್ಬರದ ಚೀಲದ ಹೊಲಿಗೆ ಬಿಚ್ಚೋಕೆ, ಡ್ರಿಪ್ ಪೈಪ್ ತುಂಡು ಮಾಡೋಕೆ, ಊಟದ ಹೊತ್ತಿಗೆ ಒಂದು ಬಾಳೆ ಎಲೆ ಕೊಯ್ಯೋಕೆ, ಕಾಲಿಗೆ ಹತ್ತಿದ ಉಂಬಳವನ್ನು ಚಾಕುವಿನ ಬೆನ್ನಲ್ಲಿ ಕೆರೆದು ಬಿಸಾಕೋಕೆ ಕತ್ತಿ ಎತ್ತುವುದೆಂದರೆ ಸೊಳ್ಳೆ ಹೊಡೆಯೋಕೆ ಒನಕೆ ತಂದ ಹಾಗೆ.

ಇನ್ನೊಂದು ವಿಷಯ. ನಾನು ಎಡಚ. ಅಜ್ಜಿ ಇರುವವರೆಗೂ ಉಣ್ಣೋದು, ಕೊಡೋದು, ತಗೊಳ್ಳೋದು ಎಲ್ಲ ಬಲಗೈಯಲ್ಲೇ ಮಾಡಿಸಿದಳು. ಕತ್ತಿ ಹಿಡಿಯುವ ಕೈ ಬದಲಾಯಿಸೋಕೆ ಮಾತ್ರ ಅವಳಿಂದಲೂ ಆಗಲಿಲ್ಲ.

ಮೊದಲ ಚಾಕು ಎಳ್ಳಮಾವಾಸ್ಯೆ ಜಾತ್ರೆಯದ್ದು. ಮೀನಿನ ಆಕಾರದ ಹಿಡಿ. ಅಪ್ಪಯ್ಯ ಅದರ ಅಲಗಿನ ಮೇಲೆ ಹೆಬ್ಬೆರಳು ಆಡಿಸಿ, "ಇದರಲ್ಲಿ ಬೆಣ್ಣೆನೂ ಕೊಯ್ಯೋಕಾಗಲ್ಲ" ಎಂದರು. ಅವರ ಮಾತು ನಿಜವೇ ಆಗಿತ್ತು.

ಆಮೇಲೆ ಬಂದದ್ದು ಕೆಂಪು ಸ್ವಿಸ್ ಚಾಕು, ವಿಕ್ಟೋರಿನಾಕ್ಸ್. ಕಾರ್ಲ್ ಎಲ್ಸೆನರ್ ಎಂಬಾತ 1897ರಲ್ಲಿ ಮಾಡಿದ ಸೇನಾಧಿಕಾರಿಗಳ ಚಾಕುವಿನ ವಂಶದ್ದು. ಮಡಿಚಿದರೆ 91 ಮಿಲಿಮೀಟರ್, ಸುಮಾರು 60 ಗ್ರಾಂ. ಕಿಸೆಯಲ್ಲಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕು, ಅಷ್ಟು ಹಗುರ. ಆದರೆ ಅಲಗು ಎಳೆಯೋಕೆ ಉಗುರು ಸಿಕ್ಕಿಸುವ ಗೀರು ಇದೆಯಲ್ಲ, ಅದು ಒಂದೇ ಮಗ್ಗುಲಲ್ಲಿ ಇರುತ್ತದೆ. ಬಲಗೈ ಉಗುರಿಗೆ ಸರಿಯಾಗುವ ಮಗ್ಗುಲು. ನಾನು ಪ್ರತಿ ಸಲ ಚಾಕುವನ್ನು ತಿರುಗಿಸಿ ಮುರುಗಿಸಿ ತೆಗೆಯಬೇಕು. ಹತ್ತು ವರ್ಷ ಹಾಗೇ ತೆಗೆದೆ, ಬೈಕೊಳ್ಳುತ್ತಾ.

ಬೈಗುಳ ನಿಂತದ್ದು ರಕ್ತ ಬಂದ ದಿನ. ನೀಲಿ ಡ್ರಮ್ಮಿಗೆ ಒಂದು ತೂತು ಬೇಕಿತ್ತು. ಡ್ರಿಲ್ ಪಕ್ಕದ ಮನೆಗೆ ಹೋಗಿತ್ತು. ಚಾಕುವಿನ ಮೊನೆ ಇಟ್ಟು ಒತ್ತಿದೆ. ಈ ಚಾಕುವಿನ ಅಲಗು ನಿಲ್ಲುವುದು ಬೆನ್ನಿನ ಸ್ಪ್ರಿಂಗ್ ಬಲದಲ್ಲಿ, ಬೀಗ ಅಂತ ಏನೂ ಇಲ್ಲ. ಕೊಯ್ಯುವಾಗ ಬಲ ಬೀಳುವುದು ಬಾಯಿಯ ಕಡೆಯಿಂದ, ಅಲಗು ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಚುಚ್ಚುವಾಗ ಹಾಗಲ್ಲ, ಮೊನೆ ಸ್ವಲ್ಪ ವಾಲಿದರೆ ಮಡಿಚಿಕೊಳ್ಳುತ್ತದೆ. ಮಡಿಚಿಕೊಂಡಿತು. ತೋರುಬೆರಳಿಗೆ ಮೂರು ಹೊಲಿಗೆ. ತಪ್ಪು ನನ್ನದೇ. ಆದರೂ ಮನೆಯವಳು "ಇನ್ನು ಬೀಗ ಇರುವ ಚಾಕು ತಗೊಳ್ಳಿ, ಇಲ್ಲಾಂದ್ರೆ ಚಾಕುವೇ ಬೇಡ" ಎಂದಳು. ಎರಡನೆಯದು ಸಾಧ್ಯವಿಲ್ಲವಲ್ಲ.

ಬೀಗದ ಚಾಕು ಹುಡುಕಿ ಆನ್‌ಲೈನಿನಲ್ಲಿ ತರಿಸಿದೆ. ಅಮೆರಿಕದಲ್ಲಿ 1964ರಿಂದ ಬರುತ್ತಿರುವ ಬಕ್ 110 ಎಂಬ ಚಾಕುವಿನ ನಕಲು. ಮರದ ಹಿಡಿ, ಎರಡೂ ತುದಿಗೆ ಹಿತ್ತಾಳೆ. ನೋಡೋಕೆ ರಾಜನ ಹಾಗೆ. ಅಸಲಿಯೇ ಸುಮಾರು 200 ಗ್ರಾಂ, ನನ್ನದನ್ನು ದಿನಸಿ ಅಂಗಡಿ ತಕ್ಕಡಿಯಲ್ಲಿ ಇಟ್ಟರೆ ಅದಕ್ಕೂ ಜಾಸ್ತಿ. ಈಗ ಲುಂಗಿ ಉಟ್ಟವನ ಕಿಸೆ ಎಲ್ಲಿದೆ ಹೇಳಿ? ಒಳಗಿನ ಪಟ್ಟಾಪಟ್ಟಿ ಚಡ್ಡಿಯಲ್ಲಿ. ಅದರಲ್ಲಿ ಕಾಲು ಕಿಲೋ ಕಬ್ಬಿಣ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ ಲಾಡಿ ಸಡಿಲ. ಅಂಗಿ ಕಿಸೆಯಲ್ಲಿ ಇಟ್ಟರೆ ಬಗ್ಗಿದಾಗ ಸೀದಾ ಬಸಿಗಾಲುವೆಗೆ. ಎರಡು ಸಲ ಕೆಸರಲ್ಲಿ ತಡಕಾಡಿ ತೆಗೆದೆ, ಮೂರನೇ ಸಲ ಸಿಗಲಿಲ್ಲ. ಸಿಗದಿದ್ದದ್ದಕ್ಕೆ ಬೇಜಾರೂ ಆಗಲಿಲ್ಲ.

ಅದರ ಬೀಗ ಮಾತ್ರ ಇಷ್ಟವಾಗಿತ್ತು. ಹಿಡಿಯ ಬೆನ್ನಿನಲ್ಲಿ ಇರುವ ಪಟ್ಟಿ ಒತ್ತಿದರೆ ಅಲಗು ಬಿಡುತ್ತದೆ. ಬೆನ್ನಿಗೆ ಎಡ ಬಲ ಇಲ್ಲ. ಈಗ ಅಂಗಡಿಯಲ್ಲಿ ಜಾಸ್ತಿ ಸಿಗುವುದು ಇನ್ನೊಂದು ಥರದ್ದು, ಹಿಡಿಯ ಒಳಗೆ ಒಂದು ತಗಡು ಬಂದು ಅಲಗಿನ ಬುಡಕ್ಕೆ ಆತು ನಿಲ್ಲುತ್ತದೆ. ಬಲಗೈಯವರು ಅದನ್ನು ಹೆಬ್ಬೆರಳಲ್ಲಿ ಸರಿಸುತ್ತಾರೆ. ನಾನು ತೋರುಬೆರಳಲ್ಲಿ ಸರಿಸಬೇಕು, ಆ ಬೆರಳು ಅಲಗು ಬರುವ ದಾರಿಯಲ್ಲೇ ಇರುತ್ತದೆ. ಹೊಲಿಗೆ ಬಿದ್ದ ಬೆರಳು ಅದು, ನೆನಪಿರಲಿ.

ಅಂಗಡಿಯಲ್ಲಿ ಹಿಡಿದಾಗ ಎಲ್ಲ ಚಾಕುವೂ ಹಿತವಾಗಿಯೇ ಇರುತ್ತದೆ. ಮೆಣಸಿನ ಬಳ್ಳಿ ಕಟ್ಟೋಕೆ ಬಾಳೆಪಟ್ಟೆ ಸೀಳುತ್ತಾ ಹೋಗಿ, ಮೂವತ್ತನೆಯದಕ್ಕೆ ಬಣ್ಣ ಬಯಲಾಗುತ್ತದೆ. ನಾನೀಗ ಅಂಗಡಿಯಲ್ಲೇ ಒಂದು ಉಪಾಯ ಮಾಡುತ್ತೇನೆ. ಚಾಕುವನ್ನು ಒಂದು ನಿಮಿಷ ಬಿಗಿಯಾಗಿ ಹಿಡಿದು ಆಮೇಲೆ ಅಂಗೈ ನೋಡಿಕೊಳ್ಳುವುದು. ಎಲ್ಲಿ ಕೆಂಪಗೆ ಅಚ್ಚು ಬಿದ್ದಿದೆಯೋ ನಾಳೆ ಬೊಬ್ಬೆ ಬರೋದು ಅಲ್ಲೇ. ಹೆಚ್ಚಾಗಿ ಅದು ಕಿಸೆಗೆ ಸಿಕ್ಕಿಸುವ ಕ್ಲಿಪ್ಪಿನ ತುದಿ. ಇಲ್ಲವೆಂದರೆ ಬೆರಳು ಕೂರಲಿ ಎಂದು ಹಿಡಿಯಲ್ಲಿ ಕೊರೆದ ಹಳ್ಳಗಳು. ಯಾರ ಬೆರಳಿನ ಅಳತೆಗೆ ಕೊರೆದರೋ ಗೊತ್ತಿಲ್ಲ, ನನ್ನದಕ್ಕಂತೂ ಅಲ್ಲ.

ಅಚ್ಚೇ ಬೀಳದ ಹಿಡಿ ಒಂದು ಸಿಕ್ಕಿತು. ಫ್ರಾನ್ಸಿನ ಓಪಿನೆಲ್. ಸವೊಯಾ ಎಂಬ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಓಪಿನೆಲ್ 1890ರಲ್ಲಿ ಶುರು ಮಾಡಿದ ಚಾಕು, ರೈತರ ಕಿಸೆಗೆ ಅಂತಲೇ. ಅಳತೆಗೊಂದು ನಂಬರು. ನನ್ನದು 8ನೇ ನಂಬರು, ಅಲಗು ಎಂಟೂವರೆ ಸೆಂಟಿಮೀಟರ್, ತೂಕ 50 ಗ್ರಾಮಿಗೂ ಕಡಿಮೆ. ಬೀಚ್ ಮರದ ಗುಂಡಗಿನ ಹಿಡಿ, ಎಲ್ಲೂ ಮೂಲೆಯಿಲ್ಲ. ಕುತ್ತಿಗೆಯಲ್ಲಿ ತಿರುಗಿಸುವ ಉಕ್ಕಿನ ಉಂಗುರವೇ ಬೀಗ, 1955ರಲ್ಲಿ ಸೇರಿಸಿದ್ದು. ಎಡಗೈ ಬಲಗೈ ತಕರಾರೇ ಇಲ್ಲ. ಉಗುರಿನ ಗೀರು ಇದರಲ್ಲೂ ಒಂದೇ ಕಡೆ, ಆದರೆ ಅಲಗು ಹಿಡಿಯಿಂದ ಸ್ವಲ್ಪ ಹೊರಗೇ ಇರುವುದರಿಂದ ಚಿವುಟಿ ತೆಗೆಯಬಹುದು.

ಜನವರಿಯಲ್ಲಿ ತಂದೆ. ಮೇ ತನಕ ಇದಕ್ಕಿಂತ ಒಳ್ಳೆಯ ಚಾಕು ಜಗತ್ತಿನಲ್ಲೇ ಇಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಜೂನ್ ಬಂತು. ನಮ್ಮ ಮಳೆ ಗೊತ್ತಲ್ಲ. ಒಂದು ವಾರಕ್ಕೆ ಮರ ಉಬ್ಬಿ ಅಲಗನ್ನು ಕಚ್ಚಿಕೊಂಡಿತು. ಉಗುರು ಮುರಿಯಿತೇ ಹೊರತು ಅಲಗು ಬರಲಿಲ್ಲ. ಫ್ರೆಂಚರಿಗೂ ಇದು ಹಳೇ ಕಥೆಯಂತೆ, ಹಿಡಿಯ ಹಿಂಬದಿಯನ್ನು ಮೇಜಿಗೆ ಕುಟ್ಟಿದರೆ ಅಲಗು ಇಣುಕುತ್ತದೆ. ನಾನು ಜಗುಲಿಯ ಕಲ್ಲಿಗೆ ಕುಟ್ಟಿದೆ. ಇಣುಕಿತು. ಆದರೆ ಪ್ರತಿ ಸಲ ಕುಟ್ಟೋಕೆ ತೋಟದಲ್ಲಿ ಜಗುಲಿ ಎಲ್ಲಿದೆ? ಬಚ್ಚಲೊಲೆಯ ಹತ್ತಿರ ಒಣಗಿಸಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ. ಎರಡು ದಿನ ಸುಮ್ಮನಿತ್ತು, ಮತ್ತೆ ಉಬ್ಬಿತು.

ಅಲಗು ಕಾರ್ಬನ್ ಉಕ್ಕಿನದ್ದು, ಸ್ಟೇನ್‌ಲೆಸ್ ಅಲ್ಲ. ಬಾಳೆ ಕೊಯ್ದರೆ ಕಪ್ಪು, ಹಸಿ ಅಡಿಕೆ ಕೊಯ್ದರೆ ನೀಲಿಗಪ್ಪು, ಒರೆಸದೆ ಮಲಗಿದರೆ ಬೆಳಿಗ್ಗೆ ತುಕ್ಕು. ಇಷ್ಟಾದರೂ ಅದನ್ನು ಬಿಡದಿರೋಕೆ ಒಂದು ಕಾರಣ ಇದೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡುತ್ತೇವಲ್ಲ, ಮೈಲುತುತ್ತ ಮತ್ತು ಸುಣ್ಣ. ಸುಣ್ಣ ಸಾಕಾಗಿದೆಯಾ ನೋಡೋಕೆ ಅಪ್ಪಯ್ಯ ಕತ್ತಿಯ ತುದಿ ಅದ್ದುತ್ತಿದ್ದರು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಇನ್ನೂ ಸುಣ್ಣ ಬೇಕು, ಬೆಳ್ಳಗೇ ಉಳಿದರೆ ಸಿಂಪಡಿಸಬಹುದು. ಕಳೆದ ವರ್ಷ ನಾನು ಓಪಿನೆಲ್ ಅದ್ದಿದೆ. ಒರೆಸಿ ಬೆಳ್ಳಗೆ ಮಾಡಿದ ಅಲಗಿನ ತುದಿ ಒಂದೆರಡು ನಿಮಿಷದಲ್ಲಿ ಹೊಸ ತಾಮ್ರದ ಚೊಂಬಿನ ಬಣ್ಣಕ್ಕೆ ತಿರುಗಿತು. ಇನ್ನೆರಡು ಹಿಡಿ ಸುಣ್ಣ ಕರಗಿಸಿ ಹಾಕಿಸಿದೆ. ಸ್ಟೇನ್‌ಲೆಸ್ ಚಾಕುವನ್ನು ನಂಬಿ ಈ ಪರೀಕ್ಷೆ ಮಾಡೋಕಾಗಲ್ಲ.

ಮಳೆಗಾಲಕ್ಕೆ ಈಗ ಬೇರೆ ಚಾಕು ಇದೆ. ಭಾವ ಅಮೆರಿಕದಿಂದ ತಂದುಕೊಟ್ಟ ಸ್ಪೈಡರ್ಕೋ ಡೆಲಿಕಾ. ಬೆಲೆ ಕೇಳಿ ಎದೆ ಧಸಕ್ಕೆಂದಿತು, ನಾನಾಗಿ ತಗೊಳ್ಳುತ್ತಿರಲಿಲ್ಲ. ಅಲಗು ಏಳು ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ, ತೂಕ 71 ಗ್ರಾಂ, ತರಿತರಿ ಪ್ಲಾಸ್ಟಿಕ್ ಹಿಡಿ, ಬೆನ್ನಿನಲ್ಲಿ ಬೀಗ. ಗೀರಿನ ಬದಲು ಅಲಗಿನಲ್ಲಿ ಆರಪಾರ ಒಂದು ದುಂಡು ತೂತು ಇದೆ, ಯಾವ ಕೈಯ ಹೆಬ್ಬೆರಳಾದರೂ ಸಿಕ್ಕಿಸಿ ತೆರೆಯಬಹುದು. ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ಚಾಕು, ಮೈಮೇಲೆ ಮಳೆ ಇರುವಾಗ ಅದರ ಬೆಲೆ ಗೊತ್ತಾಗುತ್ತದೆ. ಕ್ಲಿಪ್ ಅಂಗೈಗೆ ಒತ್ತುತ್ತಿತ್ತು, ಸ್ಕ್ರೂ ಬಿಚ್ಚಿ ತೆಗೆದೆ. ದರಗಿನಲ್ಲಿ ಬಿದ್ದರೂ ಕಾಣಲಿ ಎಂದು ಕೆಂಪು ದಾರ ಕಟ್ಟಿದ್ದೇನೆ.

ಮನೆಯವಳ ತಕರಾರು ಈಗ ಬೇರೆ: "ಮದುವೆ ಮನೆಗೂ ಚಾಕು ಬೇಕಾ?" ಬೇಡ, ನಿಜ. ಸೋಗಾನೆಯಿಂದ ವಿಮಾನ ಹತ್ತುವ ದಿನವಂತೂ ಮನೆಯಲ್ಲೇ ಇಡುತ್ತೇನೆ, ಕೈಚೀಲದಲ್ಲಿ ಚಾಕು ಬಿಡೋದಿಲ್ಲ.

ಮಳೆ ನಿಂತಿದೆ. ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟ ಓಪಿನೆಲ್ ಕುಟ್ಟದೆಯೇ ತೆರೆಯಿತು. ಹೋದ ವಾರ ಅಡಿಕೆ ಕೊನೆ ಇಳಿಸುವ ಕೊನೆಗಾರ ಕವಳಕ್ಕೆ ಅಡಿಕೆ ಹೋಳು ಮಾಡೋಕೆ ಅದನ್ನೇ ಇಸ್ಕೊಂಡ. ಕೆಲಸ ಮುಗಿಸಿ, ಲುಂಗಿಯಲ್ಲಿ ಒರೆಸಿ, ಮಡಿಚಿ, ನನ್ನ ಕೈಗೆ ಕೊಡದೆ ಕಲ್ಲಿನ ಮೇಲೆ ಇಟ್ಟ. ಚಾಕು ಕೈಗೆ ಕೊಟ್ಟರೆ ಜಗಳ ಆಗುತ್ತದಲ್ಲ.

"ಹಿಡಿ ಬಾರೀ ಹದವಾಗಿದೆ ಗೌಡ್ರೇ. ಯಾವ ಊರಿಂದು?"

"ಫ್ರಾನ್ಸ್."

ಕವಳ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಯೋಚಿಸಿದ. "ಅಲ್ಲೂ ಅಡಿಕೆ ಉಂಟಾ?"